ಇಳಿಬಿಟ್ಟ ಪಂಚೆ

ನನ್ನ ಮಗ ನಂಜುಂಡಸ್ವಾಮಿ ಜಗುಲಿಯ ಮೇಲೆ ಕೂತನೆಂದರೆ ಪಂಚೆ ಮೊಣಕಾಲಿನಿಂದ ಮೇಲೆಯೇ. ಬಾಳೆಗೆ ನೀರು ಕಟ್ಟಿ ಬಂದವನು ಎತ್ತಿ ಕಟ್ಟಿದ್ದನ್ನು ಹಾಗೇ ಬಿಟ್ಟುಕೊಂಡು, ಬಾಯಿಗೆ ಎಲೆಯಡಿಕೆ ಹಾಕಿಕೊಂಡು, ಬಂದವರನ್ನೆಲ್ಲ ಕೂತಲ್ಲಿಂದಲೇ ಮಾತಾಡಿಸುತ್ತಾನೆ. ಒಳ್ಳೆಯವನೇ. ಯಾರಿಗೂ ಕೆಟ್ಟ ಮಾತಾಡಿದವನಲ್ಲ. ಎದ್ದು ನಿಲ್ಲುವುದು ಮಾತ್ರ ಅವನಿಗೆ ಆಗದು.

ಅವನ ಮಗಳು ವಾಣಿ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ ಬಂದು ಎರಡನೇ ಪಿಯುಸಿ ಓದುತ್ತಿದ್ದಳು. ಡಾಕ್ಟರಾಗಬೇಕೆಂದು ಅವಳ ಆಸೆ. ಅದಕ್ಕೆ ನೀಟ್ ಅನ್ನುವ ಪರೀಕ್ಷೆ ಇದೆಯಂತೆ. ಪಿಯುಸಿ ಮುಗಿದ ಮೇಲೆ ಮೈಸೂರಿನ ಹಾಸ್ಟೆಲಿನಲ್ಲಿದ್ದು ಒಂದು ವರ್ಷ ಅದಕ್ಕೇ ಓದಬೇಕಂತೆ. ನಂಜುಂಡಸ್ವಾಮಿಗೆ ಮನಸ್ಸಿರಲಿಲ್ಲ. ನಂಜನಗೂಡಿನಲ್ಲೇ ಬಿ.ಎಸ್ಸಿ.ಗೆ ಸೇರಿದರೆ ಮನೆಯಿಂದಲೇ ಓಡಾಡಿಕೊಂಡಿರಬಹುದಲ್ಲ ಅನ್ನುತ್ತಿದ್ದ.

ಒಂದು ಭಾನುವಾರ ಮಗಳನ್ನು ಜಗುಲಿಗೆ ಕರೆದ. ಪಕ್ಕದ ಮನೆಯ ಚಿಕ್ಕಸ್ವಾಮಿಯೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ನಾನು ಬಾಗಿಲ ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ.

"ಮೈಸೂರ್ಗೆ ಬೇಕಾರೆ ಕಳುಸ್ತೀನಿ ಕಣವ್ವ. ಆದ್ರೆ ಡಾಕ್ಟ್ರೇ ಯಾಕಾಗ್ಬೇಕು? ಅದೊಂದ ಏಳು."

ವಾಣಿ ಕೈಕಟ್ಟಿ ನಿಂತು, ಕಾಲೇಜಿನ ಸೋಮಶೇಖರ್ ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಒಪ್ಪಿಸಿದಳು. "ಬಡವರ ಸೇವೆ ಮಾಡ್ಬೇಕು ಅಂತ ಅಪ್ಪ."

"ಯಾವ ಬಡವ?"

"ಯಾವ ಬಡವ ಅಂದ್ರೆ?"

"ಒಬ್ಬನ ಎಸರು ಏಳು. ನಮ್ಮೂರಲ್ಲೇ ಬೇಕಾದಷ್ಟು ಜನ ಅವ್ರೆ."

"ನಾನಿಲ್ವಾ ಮಗ, ನನ್ನೆಸ್ರೇ ಏಳ್ಬುಡು," ಅಂದ ಚಿಕ್ಕಸ್ವಾಮಿ.

ನಂಜುಂಡಸ್ವಾಮಿ ನಗಲಿಲ್ಲ. "ಮೊನ್ನೆ ಅಸ ಕರ ಆಕ್ದಾಗ ಬಿಸ್ನೀರು ತತ್ತಾ ಅಂದ್ರೆ ಮೂಗು ಮುಚ್ಕಂಡು ನಿಂತಿದ್ದೋಳು ನೀನು. ಸೇವೆಯಂತೆ! ಬಾಯಿಪಾಠ ಬ್ಯಾಡ ಕಣವ್ವ. ನಿಜ ಏನದೋ ಅದ ಏಳು, ಕಳುಸ್ತೀನಿ. ಇಲ್ದಿದ್ರೆ ಬಿಎಸ್ಸಿಗೆ ಸೇರ್ಕೊ."

ವಾಣಿ ಒಳಗೆ ಬಂದು ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯತೊಡಗಿದಳು. ಕಾಳನ್ನು ಸಿಪ್ಪೆಗೆ, ಸಿಪ್ಪೆಯನ್ನು ಕಾಳಿಗೆ ಹಾಕುತ್ತಿದ್ದಳು. ನಾನು ಸುಮ್ಮನೆ ಆರಿಸಿ ಬೇರೆ ಮಾಡಿದೆ.

ಆ ವಾರವೇ ನಾನು ಸಕ್ಕರೆ ಕಾಯಿಲೆ ತೋರಿಸಲು ನರಸೀಪುರದ ಇಂದ್ರಾಣಿ ಡಾಕ್ಟರ ಹತ್ತಿರ ಹೋಗಬೇಕಿತ್ತು. ವಾಣಿಗೆ ರಜೆ ಇತ್ತು, ಜೊತೆಗೆ ಬಂದಳು. ಬಸ್ಸು ತಗಡೂರು ದಾಟಿದ ಮೇಲೆ ಬಾಯಿ ಬಿಟ್ಟಳು.

"ಅಜ್ಜಿ, ತಾತ ಮಲಗಿದ್ದಾಗ ಇಂದ್ರಾಣಿ ಡಾಕ್ಟ್ರು ನಮ್ಮನೆಗೆ ಬಂದಿದ್ರಲ್ಲ, ನೆನಪಿದ್ಯಾ?"

ನೆನಪಿಲ್ಲದೆ ಏನು. ಆಗ ವಾಣಿ ಇನ್ನೂ ಲಂಗ ತೊಡುವ ಹುಡುಗಿ. ನಮ್ಮ ಯಜಮಾನರಿಗೆ ಪಾದದಲ್ಲಿ ಹುಣ್ಣಾಗಿ ಕಾಲು ಊರಲು ಆಗುತ್ತಿರಲಿಲ್ಲ. ನಂಜನಗೂಡಿಗೆ ಹೊರಟಿದ್ದ ಡಾಕ್ಟರು ದಾರಿಯಲ್ಲಿ ನಮ್ಮ ಮನೆಗೇ ಬಂದರು. ಕಾರಿನಿಂದ ಇಳಿದದ್ದು ಒಂದು ಸಣ್ಣ ಆಳು, ನೂಲಿನ ಸೀರೆ, ಕೈಯಲ್ಲೊಂದು ಬ್ಯಾಗು. ಜಗುಲಿ ತುಂಬ ಗಂಡಸರಿದ್ದರು. ನನ್ನ ಮಗ ಎದ್ದ. ಎದ್ದವನೇ ಪಂಚೆ ಇಳಿಬಿಟ್ಟ, ಹೆಗಲ ಮೇಲಿನ ಟವೆಲು ತೆಗೆದು ಕೈಗೆ ಹಾಕಿಕೊಂಡ, ಬೇಲಿ ಹತ್ತಿರ ಹೋಗಿ ಬಾಯೊಳಗಿನ ಎಲೆಯಡಿಕೆ ಉಗಿದು ಬಂದ. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಪಂಚೆ ಇಳಿಸಿದರು. ಅವನು ಒಬ್ಬ ಹೆಂಗಸಿಗೆ ಎದ್ದು ನಿಂತದ್ದನ್ನು ಹೆತ್ತ ನಾನೇ ಅದುವರೆಗೆ ಕಂಡಿರಲಿಲ್ಲ. ನನ್ನ ಸೆರಗು ಹಿಡಿದು ನಿಂತಿದ್ದ ವಾಣಿ ಡಾಕ್ಟರನ್ನು ನೋಡುತ್ತಿರಲಿಲ್ಲ. ಅಪ್ಪನ ಪಂಚೆಯನ್ನೇ ನೋಡುತ್ತಿದ್ದಳು.

"ಅವತ್ತೇ ಅನ್ಕೊಂಡೆ ಅಜ್ಜಿ," ಅಂದಳು ಈಗ. "ಅಪ್ಪ ನಿಂಗೆ ಎದ್ದಿಲ್ಲ, ಅಮ್ಮಂಗೆ ಎದ್ದಿಲ್ಲ. ಸ್ಕೂಲ್ ಮಿಸ್ಸು ಮನೆಗೆ ಬಂದ್ರೂ ಏಳ್ಲಿಲ್ಲ. ಅವ್ರಿಗೆ ಎದ್ದ. ನಂಗೂ ಅಪ್ಪ ಹಂಗೆ ಏಳ್ಬೇಕು. ಅಷ್ಟೇ ಕಾರಣ. ಇದನ್ನ ಅಪ್ಪನ ಮುಂದೆ ಹೆಂಗೆ ಹೇಳ್ಲಿ? ಕೆಟ್ಟ ಕಾರಣ ಅಲ್ವಾ?"

"ಕೆಟ್ಟದೋ ಒಳ್ಳೇದೋ ನಂಗೆಂಗೆ ಗೊತ್ತಾಯ್ತದೆ ಮಗ. ಆದ್ರೆ ಒಂದ ಏಳ್ತೀನಿ. ಅವ್ರು ಅದ ನೋಡ್ನೇ ಇಲ್ಲ."

"ಯಾವುದನ್ನ?"

"ಪಂಚೆ ಇಳ್ಸಿದ್ದ. ಚಪ್ಲಿ ಬುಟ್ಟು ನೆಟ್ಟಗೆ ಒಳೀಕೆ ಬಂದ್ರು. ಕೆಳಗೆ ಕೂತ್ಕಂಡು ನಿಮ್ತಾತನ ಕಾಲ ತೊಡೆ ಮ್ಯಾಲೆ ಇಟ್ಕಂಡ್ರು. ಆ ಕೀವು ವಾಸ್ನೆಗೆ ನಾನೇ ಮಖ ತಿರುಗಿಸ್ತಿದ್ದೆ."

ವಾಣಿ ನರಸೀಪುರ ಬರುವ ತನಕ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಇಂದ್ರಾಣಿ ಡಾಕ್ಟರ ಆಸ್ಪತ್ರೆಯಲ್ಲಿ ಜನವೋ ಜನ. ನಮ್ಮ ಸರದಿ ಹತ್ತಿರ ಬಂದಾಗ ನರ್ಸು ನಮ್ಮನ್ನು ಒಳಗಿನ ಬೆಂಚಿನಲ್ಲಿ ಕೂರಿಸಿದಳು. ಡಾಕ್ಟರು ಒಂದು ಮಗುವಿನ ಬಾಯಿಗೆ ಟಾರ್ಚು ಬಿಟ್ಟು ಗಂಟಲು ನೋಡುತ್ತಿದ್ದರು. ಮಗುವಿನ ಅಪ್ಪ ಪಕ್ಕದಲ್ಲಿ ನಿಂತು ಕೂಗಾಡುತ್ತಿದ್ದ. ಅವನ ಲುಂಗಿ ಮೊಣಕಾಲಿನಿಂದ ಮೇಲಿತ್ತು.

"ಬೆಳಗಿಂದ ಕಾಯ್ತಾ ಇವ್ನಿ. ಕಾಸು ಈಸ್ಕಳಕೆ ಮಾತ್ರ ಗೊತ್ತು ನಿಮ್ಗೆ. ಏಯ್, ನಿನ್ನೇ ಕಣಮ್ಮಿ ಕೇಳ್ತಿರೋದು!"

ಡಾಕ್ಟರು ತಲೆ ಎತ್ತಲಿಲ್ಲ. "ಆ ಅನ್ನು ಪುಟ್ಟಾ. ಇನ್ನೂ ದೊಡ್ಡದಾಗಿ. ಆ..." ಅನ್ನುತ್ತಿದ್ದರು.

ನೋಡಿ ಮುಗಿದ ಮೇಲೆ ಟಾರ್ಚು ಆರಿಸಿ, ಆ ಮನುಷ್ಯನ ಮುಖ ನೋಡಿ, "ಜ್ವರ ಯಾವತ್ತಿಂದ ಇದೆ?" ಎಂದು ಕೇಳಿದರು.

ಅವನು ದನಿ ತಗ್ಗಿಸಿ, "ಮೊನ್ನೆಯಿಂದ ಮೇಡಂ," ಅಂದ.

ನನ್ನನ್ನೂ ನೋಡಿದರು. ಮಾತ್ರೆ ಅದೇ ಇರಲಿ, ಮುದ್ದೆ ಸಣ್ಣದಾಗಲಿ ಅಂದರು. ಅವರ ತಲೆ ಅರ್ಧ ನೆರೆತಿತ್ತು.

ವಾಪಸು ಬರುವ ಬಸ್ಸಿನಲ್ಲಿ ನಾನೇ ಕೇಳಿದೆ. "ಅಲ್ಲಿ ಯಾರೂ ಪಂಚೆ ಇಳುಸ್ನಿಲ್ವಲ್ಲ ಮಗ. ಬಿಎಸ್ಸಿಗೇ ಓಯ್ತೀಯಾ?"

"ಅವ್ನು ಅಷ್ಟು ಬೈತಿದ್ರೂ ಟಾರ್ಚು ಅಲ್ಲಾಡ್ಲಿಲ್ಲ ಅಜ್ಜಿ," ಅಂದಳು. ತನ್ನ ಬಲಗೈಯನ್ನು ಮುಂದಕ್ಕೆ ಚಾಚಿ ನೋಡಿಕೊಂಡಳು. ಬಸ್ಸು ಹಳ್ಳದಿಣ್ಣೆ ಹಾರುತ್ತಿತ್ತು. ನಡುಗಿದ್ದು ಕೈಯೋ ಬಸ್ಸೋ ನನಗೂ ಗೊತ್ತಾಗಲಿಲ್ಲ.

ಸಂಜೆ ನಂಜುಂಡಸ್ವಾಮಿ ಎಂದಿನಂತೆ ಜಗುಲಿಯಲ್ಲಿದ್ದ. ಚಿಕ್ಕಸ್ವಾಮಿಯೂ ಇದ್ದ. ವಾಣಿ ಈ ಸಲ ಕೈಕಟ್ಟಲಿಲ್ಲ.

"ಅಪ್ಪ, ಕಾರಣ ಹೇಳ್ತೀನಿ. ಇಂದ್ರಾಣಿ ಡಾಕ್ಟ್ರು ಮನೆಗೆ ಬಂದಾಗ ನೀನು ಎದ್ದು ಪಂಚೆ ಇಳಿಬಿಟ್ಟೆ. ನನ್ನ ಕಂಡ್ರೂ ಒಂದಿನ ನೀನು ಹಂಗೆ ಇಳಿಬಿಡ್ಬೇಕು ಅಂತ ಆಸೆ. ಅದೇ ಮೊದಲ್ನೇ ಕಾರಣ."

ಚಿಕ್ಕಸ್ವಾಮಿಗೆ ನಗು ತಡೆಯಲಾಗಲಿಲ್ಲ. "ಲೋ ನಂಜುಂಡ, ನಿನ್ನ ಪಂಚೆ ಮ್ಯಾಲೇ ಕಣ್ಣಿಕ್ಕವ್ಳೆ ಕಣ್ಲಾ ನಿನ್ನ ಮಗ್ಳು!" ಅಂದವನು ನಗುನಗುತ್ತಲೇ ತನ್ನ ಪಂಚೆಯನ್ನು ಮೊಣಕಾಲ ಮೇಲೆ ಎಳೆದುಕೊಂಡ.

ನಂಜುಂಡಸ್ವಾಮಿ ಅಗಿಯುವುದನ್ನು ನಿಲ್ಲಿಸಿದ್ದ. "ಇನ್ನೊಂದು ಏನು?"

"ಇವತ್ತು ಒಬ್ಬ ಅವ್ರಿಗೆ ಬಾಯಿಗೆ ಬಂದಂಗೆ ಬೈದ. ಅವ್ರ ಕೈ ಅಲ್ಲಾಡ್ಲಿಲ್ಲ. ನಂಗೂ ಅದು ಬರುತ್ತಾ ನೋಡ್ಬೇಕು."

"ಕರ ಆಕ್ಸೋವಾಗ ಮೂಗು ಮುಚ್ಕಳೋಳ್ಗೆ?"

"ಹೂಂ. ಅದನ್ನೂ ಕಲೀಬೇಕು."

"ಬಡವರ ಸೇವೆ ಎಲ್ಲಿಗೋಯ್ತು?"

"ಹೆಸರು ಗೊತ್ತಾಗ್ಲಿ, ಹೇಳ್ತೀನಿ."

ನಾನು ಬಾಗಿಲಲ್ಲಿ ನಿಂತೇ ಇದ್ದೆ. ವಾಣಿ ಕದಲಲಿಲ್ಲ. ಹಾಲು ಹಾಕಿ ಬರುತ್ತಿದ್ದವರು ಖಾಲಿ ಕ್ಯಾನುಗಳ ಸದ್ದು ಮಾಡುತ್ತ ಬೀದಿಯಲ್ಲಿ ಹಾದುಹೋದರು.

"ಮೈಸೂರ್ಗೆ ಯಾವಾಗ ಸೇರ್ಬೇಕಂತೆ?" ಎಂದು ಕೇಳಿದ ನಂಜುಂಡಸ್ವಾಮಿ.

"ಪರೀಕ್ಷೆ ಮುಗಿದ ಮೇಲೆ."

"ನಾನೂ ಬತ್ತೀನಿ, ಆಸ್ಟೆಲ್ ಎಂಗದೆ ನೋಡ್ಬೇಕು," ಅಂದ. ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಕಾಫಿ ಹಿಡಿದು ಜಗುಲಿಗೆ ಬಂದೆ. ನನ್ನನ್ನು ಕಂಡು ಅವನ ಕೈ ಸೊಂಟಕ್ಕೆ ಹೋಯಿತು. ಎದ್ದು ನಿಂತ. ಪಂಚೆ ಕಾಲ ಮೇಲೆ ಇಳಿಯಿತು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಲೋಟ ನೋಡುತ್ತ ನಿಂತೆ.

"ಏನವ್ವ ಅಂಗೇ ನಿಂತ್ಕಂಡೆ? ಕಾಪಿ ಕೊಡು, ಆರೋಯ್ತದೆ."

ನಿಂತೇ ಕುಡಿದು ಕೊಟ್ಟಿಗೆ ಕಡೆ ಹೊರಟ. ಅದರ ಬಾಗಿಲ ಹತ್ತಿರ ಹೋಗಿ ಪಂಚೆಯನ್ನು ಮತ್ತೆ ಎತ್ತಿ ಕಟ್ಟಿಕೊಂಡ. ಒಳಗೆ ವಾಣಿ ಆಗಲೇ ಸಗಣಿ ಬಾಚುತ್ತಿದ್ದಳು, ಮೂಗಿಗೆ ವೇಲು ಬಿಗಿಯಾಗಿ ಕಟ್ಟಿಕೊಂಡು.