ಕೊಂಬು ತಪ್ಪಿದ ಹೊಟ್ಟು

ಒಣಹಾಕಿದ ಬಿಳಿ ಹೊದಿಕೆಯ ಮೇಲೆ ಮಸಿ ಬಂದು ಕೂತರೆ ಅದನ್ನು ಕೈಯಿಂದ ಮುಟ್ಟಬಾರದು. ಮುಟ್ಟಿದರೆ ಸಾಸಿವೆ ಕಾಳಿನಷ್ಟಿದ್ದದ್ದು ಹೆಬ್ಬೆರಳಿನಗಲದ ಕಲೆಯಾಗುತ್ತದೆ. ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಮುಖವನ್ನು ಹತ್ತಿರ ಒಯ್ದು, ತುಟಿ ಒರೆಸಿಕೊಂಡು, ಮೆಲ್ಲಗೆ ಊದಬೇಕು. ಅಕ್ಷರ ಕಲಿಯುವುದಕ್ಕೂ ಮೊದಲು ನಾನು ಅವ್ವನಿಂದ ಕಲಿತ ವಿದ್ಯೆ ಇದು. ಸಂಜೆಯಾದರೆ ನಮ್ಮ ಓಣಿಯ ಹೆಂಗಸರೆಲ್ಲ ತಂತಿಯ ಮುಂದೆ ನಿಂತು, ಬಟ್ಟೆಗಳಿಗೆ ಏನೋ ಗುಟ್ಟು ಹೇಳುವವರಂತೆ ಊದುತ್ತಿದ್ದರು.

ಮಸಿ ಬರುತ್ತಿದ್ದದ್ದು ಚಮನ್‌ಬಿಯವರ ಮಂಡಕ್ಕಿ ಭಟ್ಟಿಯಿಂದ. ನಮ್ಮ ಹಿತ್ತಲಿಗೂ ಅವರ ಗೋಡೆಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ದಾರಿ. ಅಕ್ಕಿ ಅರಳಿ ಮಂಡಕ್ಕಿಯಾಗಬೇಕಾದರೆ ಬಾಣಲೆಯ ಮರಳು ಕೆಂಡದಂತೆ ಕಾಯಬೇಕು. ಹಾಗೆ ಕಾಯಿಸಲು ಹಳೆಯ ಟಯರಿನಷ್ಟು ಅಗ್ಗದ, ಚುರುಕಿನ ಉರಿ ಬೇರೊಂದಿರಲಿಲ್ಲ. ಕರ್ರಗಿನ ಟಯರು ಒಳಗೆ ಹೋಗುವುದನ್ನೂ ಬೆಳ್ಳಗಿನ ಮಂಡಕ್ಕಿ ಹೊರಗೆ ಬರುವುದನ್ನೂ ನೋಡುತ್ತಲೇ ನಾನು ಬೆಳೆದೆ. ಅದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಆಗ ಅನ್ನಿಸಿರಲಿಲ್ಲ.

ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಚಮನ್‌ಬಿ ಒಂದು ದಿನ ಗೋಡೆಯಾಚೆಯಿಂದಲೇ ಕರೆದರು. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ಅವರೊಬ್ಬರೇ ನಡೆಸುತ್ತಿದ್ದರು, ಅಕ್ಷರ ಬರುತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ಲಕೋಟೆ ಇತ್ತು. ಅವರ ಮಂಡಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಳ್ಳುತ್ತಿದ್ದ ದೂರದೂರಿನ ತಿಂಡಿ ಕಂಪನಿ, ಟಯರು ಸುಡುವ ಭಟ್ಟಿಯ ಮಾಲು ಇನ್ನು ಮೇಲೆ ಬೇಡವೆಂದು ಬರೆದಿತ್ತು. ಜೊತೆಗೆ ತುಂಬಿ ಕಳಿಸಲು ಒಂದು ಫಾರಂ. ಅದನ್ನು ಓದಿದ ಮೇಲೆ ಅಧಿಕಾರಿಯೊಬ್ಬರು ಬಂದು ಭಟ್ಟಿ ನೋಡಿ, ಬರುವ ವರ್ಷದ ಆರ್ಡರು ಕೊಡುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ಆರ್ಡರು ತಪ್ಪಿದರೆ ಭಟ್ಟಿ ಮುಚ್ಚಬೇಕು. ಅಲ್ಲಿ ದುಡಿಯುತ್ತಿದ್ದ ಹೆಂಗಸರೆಲ್ಲ ನಮ್ಮ ಓಣಿಯವರೇ.

ಊರಾಚೆಯ ಭಟ್ಟಿಗಳವರು ಇಂಥ ಕಾಗದಗಳನ್ನು ನೋಡಿ ನಕ್ಕರಂತೆ. ಚಮನ್‌ಬಿ ನಗಲಿಲ್ಲ. ಹಳೆಯ ಒಲೆಯ ಬಾಯಿ ಒಡೆಸಿ, ಭತ್ತದ ಹೊಟ್ಟು ಉರಿಸುವ ಹೊಸ ಒಲೆ ಕಟ್ಟಿಸಿದರು. ಓಣಿಯ ಕೊನೆಯಲ್ಲಿದ್ದ ಅಕ್ಕಿ ಗಿರಣಿಯವನೊಂದಿಗೆ, ಬರುವ ಹೊಟ್ಟನ್ನೆಲ್ಲ ತಾವೇ ಕೊಳ್ಳುವುದಾಗಿ ಮಾತಾಡಿಕೊಂಡರು. ಉಳಿದ ಟಯರುಗಳನ್ನು ಗೋಡೆಯ ಹೊರಗೆ ಹಾಕಿಸಿ, ಬೇಕಾದವರು ಒಯ್ಯಲಿ ಎಂದರು. ಈ ಎರಡು ಮಾತುಗಳನ್ನೂ ನಾನು ಅಲ್ಲೇ ನಿಂತು ಕೇಳಿದ್ದೆ. ಎಲ್ಲದಕ್ಕೂ ಹೆದರುವ, ಎಲ್ಲವನ್ನೂ ಕಣ್ಣಿಟ್ಟು ನೋಡುವ ನನಗೆ ಆಗ ಏನೂ ಹೊಳೆಯಲಿಲ್ಲ.

ಫಾರಂ ತುಂಬಲು ಕೂತದ್ದು ಅಕ್ಕಿ ಮೂಟೆಗಳ ನಡುವೆ. ಹವಾಮಾನ ಕೆಡದಂತೆ ನಿಮ್ಮ ಉದ್ಯಮ ಏನು ಮಾಡುತ್ತಿದೆ ಎಂಬ ಪ್ರಶ್ನೆ ಓದಿದಾಗ, ಹವಾ ಅಂದರೆ ಗಾಳಿ ತಾನೆ, ಹೊಗೆ ಬಿಡುವುದಿಲ್ಲ ಎಂದು ಬರೆ ಎಂದರು ಚಮನ್‌ಬಿ. ಮುಂದಿನದರಲ್ಲಿ ಒಂದು ಪದ ಅವರನ್ನು ತಡೆಯಿತು.

"ಏನಂದೆ? ಸುಸ್ತಾ?"

"ಸುಸ್ತಲ್ಲಮ್ಮ, ಸುಸ್ಥಿರ. ಇವತ್ತು ನಾವು ಮಾಡೋ ಕೆಲಸ ನಾಳೆಯವರ ಬಾಯಿಗೆ ಮಣ್ಣು ಹಾಕಬಾರದು. ಹಂಗೆ ನಡೆಸೋದು."

"ಹಂಗನ್ನು ಮತ್ತೆ. ಸುಸ್ತು ನಮಗೆ ದಿನಾ ಐತಿ, ಅದನ್ನ ಬರೆದು ಕಳಿಸೋದು ಬ್ಯಾಡ."

ಒಲೆಗೆ ಉರಿ ಹಾಕುವ ಕೆಲಸದ ದುರುಗಪ್ಪ ಒಲೆಯ ಬಳಿಯಿಂದಲೇ, "ಟೀಚರಮ್ಮನ ಬಾಯಾಗೆ ಸುಸ್ತೂ ಸಂಸ್ಕೃತ ಆಗ್ತೈತಿ ನೋಡ್ರಿ" ಎಂದ. ಮಾತನ್ನು ಅಳೆದು ಸುರಿದು ಆಡುತ್ತೇನೆಂದು ಅಲ್ಲಿ ಎಲ್ಲರೂ ನನ್ನನ್ನು ಹಾಗೆ ಕರೆಯುತ್ತಿದ್ದರು. ನಾನು ಯಾರಿಗೂ ಪಾಠ ಹೇಳಿದವಳಲ್ಲ.

ಯಾವ ಇಂಧನ ಉರಿಸುತ್ತೀರಿ ಎಂಬುದಕ್ಕೆ ಒಂದು ಸಾಲು ಬರೆದೆ. ಕೊನೆಯ ಪ್ರಶ್ನೆ, ಈ ಹೊಸ ಕ್ರಮದಿಂದ ಯಾರಿಗಾದರೂ ತೊಂದರೆಯಾಗಿದೆಯೇ ಎಂದಿತ್ತು. ಹೊಗೆ ಹೋದರೆ ಯಾರಿಗೆ ತೊಂದರೆ ಎಂದು ಚಮನ್‌ಬಿ ನನ್ನನ್ನೇ ಕೇಳಿದರು. ನನಗೂ ಹಾಗೇ ಅನ್ನಿಸಿತು. 'ಇಲ್ಲ' ಎಂದು ಬರೆದೆ. ಮೂರು ಸಲ ಓದಿ ನೋಡಿ ಲಕೋಟೆ ಅಂಟಿಸಿದೆ.

ಭಟ್ಟಿಯ ಚಿಮಣಿಯಿಂದ ಮೊದಲ ಬಾರಿಗೆ ಬೂದುಬಣ್ಣದ ತೆಳು ಹೊಗೆ ಎದ್ದ ದಿನ ಅವ್ವ ಪೆಟ್ಟಿಗೆಯಲ್ಲಿದ್ದ ಬಿಳಿ ಹೊದಿಕೆಗಳನ್ನೆಲ್ಲ ತೆಗೆದು ಒಗೆದಳು. ಒಂದು ವಾರ ಹೊದಿಕೆ ಬೆಳ್ಳಗಿತ್ತು. ಎರಡನೆಯ ವಾರದಲ್ಲಿ ಮತ್ತೆ ಮಸಿ ಬಿತ್ತು.

ಅವ್ವ ಊದಿ ಊದಿ ಸೋತು, "ಎಲ್ಲೈತವ್ವ ನಿಮ್ಮ ಹೊಟ್ಟು? ಇದು ಅದೇ ಟಯರಿಂದು" ಎಂದಳು.

ನನಗೆ ದಿಕ್ಕು ತಿಳಿಯಲಿಲ್ಲ. ಚಮನ್‌ಬಿ ಗುಟ್ಟಾಗಿ ಟಯರು ಸುಡಿಸುತ್ತಿರಬಹುದೇ? ಸುಳ್ಳಿನ ಕಾಗದವನ್ನು ನನ್ನ ಕೈಯಿಂದಲೇ ಬರೆಸಿದರೇ? ಹೊತ್ತಲ್ಲದ ಹೊತ್ತಿನಲ್ಲಿ ಭಟ್ಟಿಗೆ ಹೋಗಿ ಒಲೆಯ ಬಾಯಿ ನೋಡಿದೆ. ಅಲ್ಲಿ ಹೊಟ್ಟೇ ಉರಿಯುತ್ತಿತ್ತು. ಬೂದಿ ಕೆದಕಿದೆ, ಟಯರಿನ ತಂತಿ ಸಿಗಲಿಲ್ಲ. ಮಾಳಿಗೆಯ ಮೇಲೆ ದಾರ ಹಿಡಿದು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿದೆ. ಊರಾಚೆಯ ಭಟ್ಟಿಗಳ ಕಡೆಯಿಂದಂತೂ ಬೀಸುತ್ತಿರಲಿಲ್ಲ. ನನ್ನ ಪತ್ತೇದಾರಿಕೆ ದುರುಗಪ್ಪನ ಕಣ್ಣಿಗೆ ಬಿತ್ತು. ಅವನು ನಗದೆ, ಎರಡು ಅಂಗೈಗಳನ್ನೂ ಮುಂದೆ ಚಾಚಿ ತೋರಿಸಿ, ಟಯರು ಮುಟ್ಟಿದ ಕೈ ಇಷ್ಟು ಬೇಗ ಬೆಳ್ಳಗಾಗುತ್ತದೆಯೇ ಎಂದು ಕೇಳಿದ. ನಾನು ತಲೆ ತಗ್ಗಿಸಿ ಬಂದೆ. ಅನುಮಾನ ತಪ್ಪೆಂದು ಗೊತ್ತಾಗಿತ್ತು. ಮಸಿ ಮಾತ್ರ ಬೀಳುತ್ತಲೇ ಇತ್ತು.

ಆ ಗೊಂದಲದ ನಡುವೆಯೇ ಕಂಪನಿಯಿಂದ ಫಾರಂ ವಾಪಸು ಬಂತು. ಅಧಿಕಾರಿ ಶುಕ್ರವಾರ ಬರುತ್ತಾರೆ, ಅಷ್ಟರೊಳಗೆ ಗುರುತು ಹಾಕಿದ ಪದವನ್ನು ಸರಿಪಡಿಸಿ ಇಡಬೇಕು ಎಂಬ ಚೀಟಿ ಅದಕ್ಕೆ ಅಂಟಿತ್ತು. ಇಂಧನದ ಸಾಲಿನಲ್ಲಿ ಕೆಂಪು ಸುತ್ತು ಇತ್ತು. 'ನಾವು ಈಗ ಹೊಟ್ಟೆ ಉರಿಸುತ್ತೇವೆ.' ಹೊಟ್ಟು ಎಂದು ಬರೆಯುವ ಕಡೆ ಕೊಂಬಿನ ಬದಲು ಎತ್ವ ಕೊಟ್ಟಿದ್ದೆ. ಮೂರು ಸಲ ಓದಿದ ಕಣ್ಣು ಬರೆದದ್ದನ್ನು ಬಿಟ್ಟು, ಬರೆಯಬೇಕೆಂದಿದ್ದದ್ದನ್ನೇ ಓದಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದವಳು ಒಂದನೇ ಇಯತ್ತೆಯ ತಪ್ಪು ಮಾಡಿದ್ದೆ. ಈ ಒಂದು ಅಕ್ಷರದಿಂದ ಆರ್ಡರು ಹೋದರೆ ಓಣಿಗೆ ಹೇಗೆ ಮುಖ ತೋರಿಸುವುದು ಎಂಬ ಹೆದರಿಕೆಯಲ್ಲಿ, ಚಮನ್‌ಬಿಗೆ ಅಧಿಕಾರಿ ಬರುವ ದಿನವನ್ನಷ್ಟೇ ಹೇಳಿ ಫಾರಂ ಮಡಚಿ ಇಟ್ಟುಕೊಂಡೆ. ತಿದ್ದಲು ಮೂರು ದಿನವಿತ್ತು. ಪೆನ್ನು ತೆಗೆದಾಗಲೆಲ್ಲ ತಿದ್ದಿದ ಗುರುತು ಇನ್ನೂ ಕೆಟ್ಟದಾಗಿ ಕಂಡೀತೆಂದು ಮುಚ್ಚಿಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಅವ್ವ ರೊಟ್ಟಿ ತರಲು ಕೆಂಚವ್ವನ ಮನೆಗೆ ಕಳಿಸಿದಳು. ಕೆಂಚವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದ ಮುದುಕಿ. ಸೊಸೆ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಬಾಗಿಲಲ್ಲೇ ಮೂಗಿಗೆ ಆ ವಾಸನೆ ಹೊಡೆಯಿತು. ಒಳಗೆ ಒಲೆಯಲ್ಲಿ ಟಯರಿನ ಚೂರು ಬುಸುಗುಡುತ್ತ ಉರಿಯುತ್ತಿತ್ತು. ಸೂರಿನ ಸಂದಿಯಿಂದ ಕರಿಹೊಗೆ ಹೊರಗೆ ಸರಿಯುತ್ತಿತ್ತು. ಮೂಲೆಯಲ್ಲಿ ಅವಳ ಹಳೆಯ ಹೊಟ್ಟಿನ ಒಲೆ, ನಡುವೆ ತೂತು ಬಿಟ್ಟು ಹೊಟ್ಟು ಗಿಡಿದು ಹೊತ್ತಿಸುವ ಡಬ್ಬಿ, ಬರಿದಾಗಿ ಬೋರಲು ಬಿದ್ದಿತ್ತು.

ನಾನು ಕೇಳುವುದರೊಳಗೆ ಅವಳೇ ಕೆಮ್ಮುತ್ತ ಹೇಳಿದಳು. ಗಿರಣಿಯವನು ಮೊದಲೆಲ್ಲ ಓಣಿಯವರಿಗೆ ಹೊಟ್ಟನ್ನು ಪುಕ್ಕಟೆ ಬಿಡುತ್ತಿದ್ದ. ಜಾಗ ಖಾಲಿಯಾದರೆ ಸಾಕಿತ್ತು ಅವನಿಗೆ. ಈಗ ಕೊಳ್ಳುವವರಿದ್ದಾರೆ, ಒಂದು ಬೊಗಸೆಯನ್ನೂ ಮುಟ್ಟಗೊಡುವುದಿಲ್ಲ. ಗೋಡೆಯ ಹೊರಗೆ ಟಯರು ಬಿದ್ದಿದ್ದವು, ಒಯ್ಯಿರಿ ಎಂದಿದ್ದರು, ತಂದುಕೊಂಡರು. ಅವಳೊಬ್ಬಳೇ ಅಲ್ಲ, ಓಣಿಯ ಅರ್ಧ ಮನೆಗಳಲ್ಲಿ ಅದೇ.

"ಮಕ್ಕಳಿರೋ ಮನೆಯೊಳಗೆ ಇದನ್ನ ಉರಿಸಬಾರದು ಕೆಂಚವ್ವ" ಎಂದೆ. ನನ್ನ ಮಾತು ನನಗೇ ಪುಸ್ತಕದ್ದಾಗಿ ಕೇಳಿಸಿತು.

ಅವಳು ರೊಟ್ಟಿ ಮಗುಚಿ ಹಾಕಿದಳು. "ಮತ್ತೇನು ಉರಿಸ್ಲಿ ಹೇಳವ್ವ. ಹೊಟ್ಟು ನಿಮ್ಮ ಪಾಲಾತು. ಹೊಟ್ಟೆ ಅಷ್ಟೇ ನಮ್ಮ ಪಾಲಿಗುಳಿದದ್ದು."

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫಾರಂ ಮೈಗೆ ಚುಚ್ಚಿದಂತಾಯಿತು. ಅವಳಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ.

ರೊಟ್ಟಿಯನ್ನು ಮನೆಗೆ ಕೊಟ್ಟು ನೇರ ಭಟ್ಟಿಗೆ ಹೋದೆ. ಚಮನ್‌ಬಿ ಎಲ್ಲವನ್ನೂ ಕೇಳಿದರು. ಆಮೇಲೆ ಸಿಟ್ಟು ಮಾಡಿದರು. ನನ್ನ ಮೇಲೋ, ಗಿರಣಿಯವನ ಮೇಲೋ, ತಮ್ಮ ಮೇಲೋ ತಿಳಿಯಲಿಲ್ಲ. ಒಳ್ಳೆಯದು ಮಾಡಲು ಹೊರಟರೆ ಹೀಗಾಗುತ್ತದೆಯೇ? ಹೊಟ್ಟು ಬಿಟ್ಟುಕೊಟ್ಟರೆ ಒಲೆ ಹೇಗೆ ಉರಿಯಬೇಕು? ಒಲೆ ಆರಿದರೆ ಕೆಂಚವ್ವನ ಸೊಸೆಗೇ ಕೆಲಸವಿಲ್ಲ. ನಾಳೆ ಬರುವವನಿಗೆ ಇದನ್ನೆಲ್ಲ ಹೇಳಿದರೆ ಆರ್ಡರು ಹೋಗುತ್ತದೆ. ಹೇಳದಿದ್ದರೆ ಓಣಿ ಕೆಮ್ಮುತ್ತದೆ.

"ನೀನು ಓದಿದಾಕಿ. ನೀನೇ ಹೇಳು" ಎಂದರು.

ಒಂದು ಕಡೆ ನಿಂತು ಯೋಚಿಸಿದರೆ ಅದೇ ಸರಿ, ಇನ್ನೊಂದು ಕಡೆ ನಿಂತರೆ ಇದೇ ಸರಿ. ನನಗೆ ಬರುತ್ತಿದ್ದ ಮಾತುಗಳಲ್ಲಿ ಒಂದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಶುಕ್ರವಾರ ಬಂದ ಅಧಿಕಾರಿ ನಾವೆಣಿಸಿದಂಥವನಾಗಿರಲಿಲ್ಲ. ತೆಳ್ಳಗಿನ, ಮರ್ಯಾದೆಯ ಮನುಷ್ಯ. ಒಲೆಯೊಳಗೆ ಬಗ್ಗಿ ನೋಡಿದ, ಹೊಟ್ಟಿನ ರಾಶಿಯಲ್ಲಿ ಕೈಯಾಡಿಸಿದ, ಚಿಮಣಿಯನ್ನು ಕಂಡು ಸಂತೋಷಪಟ್ಟ. ಬೇರೆಯವರಿಗೆ ಈ ಭಟ್ಟಿಯನ್ನೇ ಮಾದರಿಯಾಗಿ ತೋರಿಸುವುದಾಗಿ ಹೇಳಿದ. ಕೊನೆಗೆ ಫಾರಂ ಕೇಳಿ, ತಿದ್ದದೆ ಉಳಿದಿದ್ದ ಕೆಂಪು ಸುತ್ತನ್ನು ನೋಡಿ ನಕ್ಕು, ತನ್ನ ಶಾಯಿ ಪೆನ್ನನ್ನೇ ನನ್ನತ್ತ ಚಾಚಿದ.

ಚಮನ್‌ಬಿ ಯಾಕೆ ನಗುತ್ತೀರಿ ಎಂದರು. ಬೇರೆ ದಾರಿಯಿರಲಿಲ್ಲ. ನಾನು ಓದಿ ಹೇಳಿದೆ. ದುರುಗಪ್ಪ ಕಿಸಕ್ಕನೆ ನಕ್ಕ. ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಹೆಂಗಸರೂ ನಕ್ಕರು, ಕೆಂಚವ್ವನ ಸೊಸೆಯೊಬ್ಬಳನ್ನು ಬಿಟ್ಟು. ಅವಳನ್ನು ಚಮನ್‌ಬಿಯೂ ನೋಡಿದರು.

"ಅದು ತಪ್ಪಲ್ಲ ಬಿಡು" ಎಂದರು. "ಕೆಳಗೆ ಒಂದು ಇಲ್ಲ ಅಂತ ಬರೆದೀಯಲ್ಲ, ತಪ್ಪು ಅದು. ಮೊದ್ಲು ಅದನ್ನ ಹೊಡೆದು ಹಾಕು."

ಆಮೇಲೆ ಸೆರಗು ತಲೆಗೆಳೆದುಕೊಂಡು, ಬನ್ನಿ ಸಾಹೇಬರೆ ಎಂದು ಅವನನ್ನು ಓಣಿಯೊಳಕ್ಕೆ ಕರೆದುಕೊಂಡು ಹೋಗಿ ಕೆಂಚವ್ವನ ಒಲೆಯ ಮುಂದೆ ನಿಲ್ಲಿಸಿದರು. ಅವನು ಕರವಸ್ತ್ರ ಮೂಗಿಗೆ ಹಿಡಿದ. ಚಮನ್‌ಬಿ ಮೆಲ್ಲಗೆ, "ಇದೂ ನಿಮ್ಮ ಮಂಡಕ್ಕಿ ಹೊಗೇನೇ ಸಾಹೇಬರೆ. ನಮ್ಮ ಗೋಡೆ ದಾಟಿ ಇಲ್ಲಿಗೆ ಬಂದೈತಿ, ಅಷ್ಟೇ" ಎಂದರು.

ಅವನು ಫಾರಂ ಅನ್ನು ಹಿಂದೆ ಮುಂದೆ ತಿರುವಿದ. ಭಟ್ಟಿಯ ಗೋಡೆಯ ಹೊರಗಿನದನ್ನು ಬರೆಯಲು ಇದರಲ್ಲಿ ಜಾಗವೇ ಇಲ್ಲವಲ್ಲ ಎಂದ. ಅವನೂ ನನ್ನಷ್ಟೇ ಕಕ್ಕಾಬಿಕ್ಕಿಯಾಗಿದ್ದ. ಮೇಲಿನವರನ್ನು ಕೇಳುತ್ತೇನೆಂದು ಹೇಳಿ ನಿಂತೇ ಇದ್ದ. ಕೆಂಚವ್ವನ ಹೊಸ್ತಿಲ ಮೇಲೆ ಕೂತು ನಾನು 'ಇಲ್ಲ' ಎಂಬುದನ್ನು ಹೊಡೆದು 'ಆಗಿದೆ' ಎಂದು ಬರೆದೆ. ಯಾರಿಗೆ, ಹೇಗೆ ಎಂಬುದನ್ನು ಅಂಚಿನ ಖಾಲಿ ಜಾಗದಲ್ಲಿ ಚಿಕ್ಕ ಅಕ್ಷರಗಳಲ್ಲಿ ತುಂಬಿದೆ. ಶಾಯಿ ಹಸಿಯಿತ್ತು. ರೂಢಿಯಂತೆ ಬಗ್ಗಿ ಊದಿದೆ. ಅವನು ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ. ಕೆಂಪು ಸುತ್ತಿನೊಳಗಿನ ಎತ್ವವನ್ನು ಕೊಂಬು ಮಾಡಿದೆನೋ, ಹಾಗೇ ಬಿಟ್ಟೆನೋ, ಎಷ್ಟು ಯೋಚಿಸಿದರೂ ಇಂದಿಗೂ ನೆನಪಾಗುವುದಿಲ್ಲ.

ಚಮನ್‌ಬಿ ಕಂಪನಿಯ ಉತ್ತರಕ್ಕೆ ಕಾಯಲಿಲ್ಲ. ಗುರುವಾರ ಭಟ್ಟಿ ಉರಿಯುವುದಿಲ್ಲ, ಆ ದಿನದ ಹೊಟ್ಟು ಓಣಿಯದು ಎಂದು ಸಾರಿದರು. ಟಯರಿನ ಚೂರು ತಂದು ಹಾಕಿ, ಬುಟ್ಟಿ ತುಂಬ ಹೊಟ್ಟು ಒಯ್ಯಬೇಕು. ವಾಪಸು ಬಂದ ಟಯರುಗಳನ್ನು ಒಂದು ಕೋಣೆಯಲ್ಲಿ ತುಂಬಿ ಬೀಗ ಹಾಕಿದರು. ಮುಂದೆ ಅವುಗಳನ್ನು ಏನು ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಲೆಗೆ ಹೊಟ್ಟು ಬಂತೆಂದು ಕೆಂಚವ್ವ, ಒಂದು ದಿನದ ಕೂಲಿ ಹೋಯಿತೆಂದು ಅವಳ ಸೊಸೆ. ಒಂದೇ ಸೂರಿನ ಕೆಳಗೆ ಎರಡು ಮಾತು. ಎರಡೂ ನಿಜವೇ ಆಗಿದ್ದವು.

ಒಂದು ತಿಂಗಳಾದ ಮೇಲೆ ಕಂಪನಿಯ ಕಾಗದ ಬಂತು. ಹಿಂದಿನ ವರ್ಷದ ಅರ್ಧದಷ್ಟು ಮಂಡಕ್ಕಿ ಕಳಿಸಿ ಎಂದಿತ್ತು. ಇನ್ನರ್ಧ ಯಾಕೆ ಇಲ್ಲ ಎಂದು ಇರಲಿಲ್ಲ. ನಿಜ ಹೇಳಿದ್ದಕ್ಕೆ ಅರ್ಧ ಹೋಯಿತೋ, ನಿಜ ಹೇಳಿದ್ದರಿಂದಲೇ ಅರ್ಧ ಉಳಿಯಿತೋ ಎಂದು ನಾನು ಕಾಗದವನ್ನು ಮತ್ತೆ ಮತ್ತೆ ಓದಿದೆ. ಚಮನ್‌ಬಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅರ್ಧ ಅಂದರೆ ಒಲೆ ಆರುವುದಿಲ್ಲ ತಾನೆ ಎಂದು ಕೇಳಿ, ಮಡಚಿ ಅಕ್ಕಿ ಮೂಟೆಯ ಕೆಳಗಿಟ್ಟರು.

ಆ ಸಂಜೆ ಹಿತ್ತಲಿಗೆ ಹೋದಾಗ ತಂತಿಯ ಮೇಲೆ ಬಿಳಿ ಹೊದಿಕೆ ಒಣಗಿತ್ತು. ಅದರ ನಡುವೆ ಒಂದೇ ಒಂದು ಚುಕ್ಕೆ ಕೂತಿತ್ತು. ಹೊಟ್ಟಿನ ಬೂದಿಯಾದರೆ ಮುಟ್ಟಬಹುದು, ಕೊಡವಿದರೆ ಹೋಗುತ್ತದೆ. ಟಯರಿನ ಮಸಿಯಾದರೆ ಮುಟ್ಟಬಾರದು. ಮುಳುಗುವ ಬೆಳಕಿನಲ್ಲಿ ಅದರ ಬಣ್ಣ ಗೊತ್ತಾಗುತ್ತಿರಲಿಲ್ಲ. ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡು, ತುಟಿ ಒರೆಸಿಕೊಂಡು, ಮೆಲ್ಲಗೆ ಊದಿದೆ. ಅದು ಹಗುರವಾಗಿ ಎದ್ದು ಗೋಡೆಯ ಎತ್ತರಕ್ಕೆ ಏರಿ, ಒಂದು ಕ್ಷಣ ಅಲ್ಲೇ ತೇಲಿತು. ಅಲ್ಲಿಂದ ಭಟ್ಟಿಯ ಕಡೆ ಇಳಿಯಿತೋ ಓಣಿಯ ಕಡೆ ಇಳಿಯಿತೋ, ನನಗೆ ಕಾಣಲಿಲ್ಲ.