ನಿರ್ದೇಶಕರ ದವಡೆ

ಬಕೆಟ್ಟಿನ ತಳದಲ್ಲಿ ಉಳಿದಿದ್ದ ಆಲೂಗಡ್ಡೆಗಳನ್ನು ವಿಬೆಕೆ ಒಂದೊಂದಾಗಿ ತೆಗೆದು ಸಿಪ್ಪೆ ಹೆರೆಯುತ್ತಿದ್ದಾಗ, ಎದುರು ಬೆಂಚಿನಲ್ಲಿದ್ದ ಪ್ರೆಬೆನ್ ಇದ್ದಕ್ಕಿದ್ದಂತೆ ಬಿಕ್ಕಿಬಿಕ್ಕಿ ಅಳಲು ಶುರುಮಾಡಿದ.

"ಏನಾಯ್ತಪ್ಪಾ?" ಎಂದಳು ಪಕ್ಕದಲ್ಲಿದ್ದ ಗುದ್ರುನ್. "ಈರುಳ್ಳಿ ಆ ಕಡೆ ಇದೆ. ಅಳೋದೇ ಆದ್ರೆ ಅಲ್ಲಿ ಹೋಗಿ ಅಳು, ಕೆಲಸಾನೂ ಆಗತ್ತೆ."

"ಶ್! ನಾನು ಅಭ್ಯಾಸದಲ್ಲಿದೀನಿ," ಎಂದ ಪ್ರೆಬೆನ್, ಕಣ್ಣು ತೆರೆಯದೆ. "ಆಲೂಗಡ್ಡೆ ಸುಲಿಯೋವಾಗ ನಮ್ಮನ್ನ ನಾವೇ ಸುಲ್ಕೋಬೇಕು ಅಂತ ಆಸ್ಗರ್ ಹೇಳಿದಾನೆ."

"ಸುಲ್ಕೋ, ಬೇಡ ಅಂದೋರ್ಯಾರು? ಆದ್ರೆ ಒಂಚೂರು ತೆಳ್ಳಗೆ ಸುಲಿ. ಅರ್ಧ ಆಲೂಗಡ್ಡೆ ಸಿಪ್ಪೆ ಜೊತೇಲೇ ಹೋಗ್ತಿದೆ."

ಪ್ರೆಬೆನ್ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವವನು. ವರ್ಷವೆಲ್ಲ ಜನರಿಗೆ ಇಲ್ಲ ಎಂದು ಹೇಳಿ ಹೇಳಿ ದಣಿದು, ಬೇಸಿಗೆಯ ರಜೆಯಲ್ಲಿ ನಟನಾಗಲು ಬಂದಿದ್ದ. ಗುದ್ರುನ್ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ತಾನು ಬಂದದ್ದು ನಾಟಕಕ್ಕಲ್ಲ, ಸಮುದ್ರ ಕಾಣುವ ಕೋಣೆ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿ, ನಾಟಕ ಕಲಿಸುವ ಗುರು ಆಸ್ಗರನ ಮುಖ ಸಣ್ಣದು ಮಾಡಿದ್ದಳು.

ಜುಟ್‌ಲೆಂಡಿನ ಕರಾವಳಿಯ ಆ ವಸತಿ ಶಾಲೆ ದೊಡ್ಡವರದ್ದು. ಪರೀಕ್ಷೆಯಿಲ್ಲ, ಅಂಕವಿಲ್ಲ. ಬೆಳಗ್ಗೆ ಎಲ್ಲರೂ ಸೇರಿ ಹಾಡಬೇಕು, ಸರದಿ ಬಂದಾಗ ಅಡುಗೆಮನೆಗೆ ಹೋಗಬೇಕು, ಎಲ್ಲರೂ ಎಲ್ಲರನ್ನೂ 'ನೀನು' ಎನ್ನಬೇಕು. ಆಸ್ಗರನನ್ನೂ ನೀನು ಎಂದೇ ಕರೆಯುತ್ತಿದ್ದರು. ಆದರೆ ಆ 'ನೀನು' ಅನ್ನುವಾಗ ಅವರ ಬೆನ್ನು ಬಾಗುವ ರೀತಿ ನೋಡಿದರೆ, 'ತಾವು' ಎಂದಿದ್ದರೇ ಕಡಿಮೆ ಶ್ರಮವಾಗುತ್ತಿತ್ತು.

ವಿಬೆಕೆ ಒದ್ದೆ ಕೈಯನ್ನು ಒರೆಸಿಕೊಂಡು ಏಪ್ರನ್ನಿನ ಜೇಬು ಮುಟ್ಟಿ ನೋಡಿಕೊಂಡಳು. ಕಾಗದ ಅಲ್ಲೇ ಇತ್ತು.

"ಇವತ್ತು ಗುರುವಾರ," ಎಂದಳು ಗುದ್ರುನ್. "ಸಂಜೆ ಅಂಚೆಗಾಡೀಲಿ ಹೋಗ್ಲಿಲ್ಲ ಅಂದ್ರೆ ಶನಿವಾರದ ಸಭೆಗೆ ತಲುಪಲ್ಲ. ಮತ್ತೆ ಬಾವಿಕಟ್ಟೇನೇ ಗತಿ ನಿಂಗೆ."

"ಗೊತ್ತು ಕಣೇ."

"ಗೊತ್ತಿದ್ದೂ ಕಾವು ಕೂತ ಕೋಳಿ ಥರ ಅದ್ರ ಮೇಲೆ ಕೂತಿದೀಯ."

ಆ ಕಾಗದದ ಕತೆ ಇಷ್ಟು. ವಿಬೆಕೆಯ ಊರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಡಿನ ಅಂಚಿನ ಬಯಲಲ್ಲಿ ಊರವರೇ ನಾಟಕ ಆಡುತ್ತಾರೆ. ದರೋಡೆಕೋರರು, ಒಬ್ಬ ದೊರೆ, ಓಡುವ ಕುದುರೆಗಳು. ನಾಟಕ ಯಾವುದೇ ಇರಲಿ, ಇಷ್ಟಂತೂ ಇರಲೇಬೇಕು, ಏಕೆಂದರೆ ನಿರ್ದೇಶಕ ಐನಾರ್‌ನ ಬಳಿ ಕುದುರೆಗಳಿದ್ದವು. ಐನಾರ್ ಅವಳ ಗಂಡ ಹೋಲ್ಗರ್‌ನ ಅಣ್ಣ. ಮದುವೆಯಾಗಿ ಆ ಊರಿಗೆ ಬಂದ ವರ್ಷದಿಂದ ಅವನು ಅವಳನ್ನು ಬಾವಿಯ ಪಕ್ಕದಲ್ಲೇ ನಿಲ್ಲಿಸಿದ್ದ. ಅವಳಿಗೆ ಒಂದೇ ಮಾತು: "ಊಟ ಸಿದ್ಧವಾಗಿದೆ, ದೊರೆ."

ಒಂದು ಬೇಸಿಗೆ ಅವಳು ಆ ಮಾತಿಗೆ ಮುಂಚೆ ಸ್ವಲ್ಪ ತಡೆದಳು. ಈ ಹೆಂಗಸಿಗೆ ದೊರೆಯ ಮೇಲೆ ಸಿಟ್ಟಿರಬಹುದಲ್ಲ ಎಂದು ಅವಳಿಗೆ ಹೊಳೆದಿತ್ತು. ಜನರ ಮಧ್ಯದಿಂದ ಐನಾರ್ ಕೂಗಿದ: "ವಿಬೆಕೆ, ಊಟ ಆರಿಹೋಗ್ತಿದೆ!" ಇಡೀ ಬಯಲು ನಕ್ಕಿತು. ಕುದುರೆಯ ಮೇಲಿದ್ದ ದೊರೆಯೂ ನಕ್ಕ. ಅಂದಿನಿಂದ ಪ್ರತಿ ಕ್ರಿಸ್‌ಮಸ್ ಊಟದಲ್ಲಿ ಯಾರಾದರೊಬ್ಬರು ಹಂದಿಮಾಂಸದ ತಟ್ಟೆ ಎತ್ತಿಕೊಂಡು ಆ ಮಾತು ಹೇಳುವುದು, ಹೋಲ್ಗರ್ ಎಲ್ಲರಿಗಿಂತ ಜೋರಾಗಿ ನಗುವುದು ಮನೆಯ ಸಂಪ್ರದಾಯವೇ ಆಗಿಹೋಯಿತು.

ಬಯಲು ನಕ್ಕ ಆ ರಾತ್ರಿಯೇ ಅವಳು ಕಾಗದ ಬರೆದಿದ್ದಳು, ಮುಂದಿನ ನಾಟಕವನ್ನು ತಾನು ಆಡಿಸಬಹುದೇ ಎಂದು ಕೇಳಿ. ಊರಿನ ನಾಟಕ ಸಮಿತಿಗೆ ಬಂದ ಕಾಗದವನ್ನು ವರ್ಷದ ಸಭೆಯಲ್ಲಿ ಓದಲೇಬೇಕು, ಕೈ ಎತ್ತಿಸಲೇಬೇಕು ಎಂಬ ನಿಯಮವಿತ್ತು. ಈವರೆಗೆ ಒಂದೂ ಬಂದಿರಲಿಲ್ಲ. ಹಾಗಾಗಿ ಐನಾರ್ "ಯಥಾಪ್ರಕಾರ ತಾನೇ?" ಎನ್ನುವುದು, ಎಲ್ಲರೂ ಬಿಯರ್ ಎತ್ತುವುದು, ಸಭೆ ಮುಗಿಯುವುದು. ವಿಬೆಕೆಯ ಕಾಗದ ಮಾತ್ರ ಕೋಟಿನಿಂದ ಕೈಚೀಲಕ್ಕೆ, ಕೈಚೀಲದಿಂದ ಏಪ್ರನ್ನಿಗೆ ವಾಸ ಬದಲಿಸುತ್ತ ಬೇಸಿಗೆಗಳನ್ನು ಕಳೆದಿತ್ತು. ನಿರ್ದೇಶಕರಿಗೆ ಗೊತ್ತಿರುವ ಏನೋ ಒಂದು ಗುಟ್ಟು ಇದೆ, ಅದು ತನಗೆ ಗೊತ್ತಿಲ್ಲ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಆ ಗುಟ್ಟು ಕಲಿಯಲೆಂದೇ ಅವಳು ಆಸ್ಗರನ ಈ ನಾಟಕ ಕಮ್ಮಟಕ್ಕೆ ಬಂದದ್ದು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದುದರಿಂದ ಗಂಡನಿಗೆ ಸುಳ್ಳು ಹೇಳುವುದು ಸುಲಭವಾಯಿತು. ಹಲ್ಲಿನ ತೂತು ಮುಚ್ಚುವ ಹೊಸ ವಿಧಾನದ ತರಬೇತಿ ಎಂದಿದ್ದಳು.

ಕಮ್ಮಟ ನಡೆಯುತ್ತಿದ್ದದ್ದು ಹಳೆಯ ವ್ಯಾಯಾಮಶಾಲೆಯಲ್ಲಿ. ಅಲ್ಲಿ ಒಂದು ಕುರ್ಚಿ, ಅದರಲ್ಲಿ ಆಸ್ಗರ್. ಉಳಿದವರೆಲ್ಲ ನೆಲದ ಮೇಲೆ. ಆಸ್ಗರ್ ಹಿಂದೊಮ್ಮೆ ಕೋಪನ್‌ಹೇಗನ್ನಿನಲ್ಲಿ ಒಂದು ನಾಟಕವನ್ನು ಪೂರ್ತಿ ಕತ್ತಲಲ್ಲಿ ಆಡಿಸಿ ಹೆಸರು ಮಾಡಿದ್ದ. ಅವತ್ತು ದೀಪ ಕೆಟ್ಟಿತ್ತು ಅಷ್ಟೆ ಎನ್ನುವವರೂ ಇದ್ದರು. ಅವನು ಎಲ್ಲರಿಗೂ ಒಂದೇ ದೃಶ್ಯ ಕೊಟ್ಟಿದ್ದ. ಸಮುದ್ರಕ್ಕೆ ಹೋದ ಗಂಡ ಬಹಳ ಕಾಲದ ಮೇಲೆ ಮನೆಗೆ ಬರುತ್ತಾನೆ, ಹೆಂಡತಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಗಂಡ ಪ್ರೆಬೆನ್. ಹೆಂಡತಿ ಸಿಗ್ನೆ, ಹೂವಿನಂಗಡಿಯ ಹುಡುಗಿ, 'ಶುಭೋದಯ' ಎಂದರೂ ಕಣ್ಣು ತುಂಬಿಕೊಳ್ಳುವವಳು.

ಆಸ್ಗರ್ ಹೆಚ್ಚು ಮಾತಾಡುತ್ತಿರಲಿಲ್ಲ. "ಮತ್ತೊಮ್ಮೆ. ಈ ಸಲ ಸುಳ್ಳು ಬೇಡ," ಎನ್ನುತ್ತಿದ್ದ. ಉಳಿದದ್ದನ್ನು ಅವನ ಮುಖದಲ್ಲಿ ಓದಿಕೊಳ್ಳಬೇಕಿತ್ತು. ಪ್ರೆಬೆನ್ "ನಾನು ಬಂದೆ" ಎಂದಾಗ ಆಸ್ಗರನ ಎಡಗಣ್ಣು ಮುಚ್ಚಿತು. ಮರುದಿನದಿಂದ ಪ್ರೆಬೆನ್ ಆ ಮಾತನ್ನೇ ಬಿಟ್ಟ. ಸಿಗ್ನೆ ಬಕೆಟ್ಟು ಕೆಳಗಿಟ್ಟಾಗ ಆಸ್ಗರ್ ಹುಬ್ಬು ಗಂಟಿಕ್ಕಿ "ಸ್ಸ್" ಎಂದ. ಪಾಪದ ಹುಡುಗಿ ಅಂದಿನಿಂದ ಬಕೆಟ್ಟು ಇಳಿಸಲೇ ಇಲ್ಲ; ತೋಳು ನಡುಗಿದರೂ ಹಿಡಿದೇ ನಿಂತಳು. ಹೀಗೆ ಒಂದೊಂದೇ ಉದುರಿ, ಕೊನೆಗೆ ಗಂಡ ಗೋಡೆಗೆ ಮುಖ ಮಾಡಿ, ಹೆಂಡತಿ ಕಿಟಕಿಗೆ ಮುಖ ಮಾಡಿ, ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುವುದೇ ದೃಶ್ಯವಾಯಿತು. ನೋಡುವವರು ಉಸಿರೆಳೆದುಕೊಂಡು "ಅಬ್ಬಾ" ಎನ್ನುತ್ತಿದ್ದರು. ತನ್ನ ಕಣ್ಣಿಗೇ ಏನೂ ಕಾಣುತ್ತಿಲ್ಲವಲ್ಲ, ಇದೇ ಇರಬೇಕು ಆ ಗುಟ್ಟು ಎಂದು ವಿಬೆಕೆ ಕುಗ್ಗಿದ್ದಳು.

ಆಲೂಗಡ್ಡೆ ಬೆಂದು ಊಟವಾಯಿತು. ಕೊನೆಗೆ ತಣ್ಣನೆಯ ಸಿಹಿ ಮಜ್ಜಿಗೆ ಬಂತು. ಆಸ್ಗರ್ ಒಂದು ಚಮಚ ಬಾಯಿಗಿಟ್ಟ. ಎಡಗಣ್ಣು ಮುಚ್ಚಿತು, ಹುಬ್ಬು ಗಂಟಾಯಿತು, "ಸ್ಸ್" ಎಂದ.

ಪ್ರೆಬೆನ್ ತಕ್ಷಣ ತನ್ನ ಚಮಚ ಕೆಳಗಿಟ್ಟು ಪಿಸುಗುಟ್ಟಿದ: "ಮಜ್ಜಿಗೇಲೂ ಏನೋ ಸುಳ್ಳಿದೆ ಅನ್ಸತ್ತೆ."

ವಿಬೆಕೆ ಮಾತ್ರ ಚಮಚ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ನೋಡುತ್ತಲೇ ಇದ್ದಳು. ಈ ಮುಖವನ್ನು ಅವಳು ದಿನಾ ನೋಡಿದವಳು, ಮೇಲಿಂದ ದೀಪ ಬಿಟ್ಟುಕೊಂಡು.

ಊಟದ ನಂತರ ಹಜಾರದಲ್ಲಿ ಅವನನ್ನು ತಡೆದಳು. "ಕೆಳಗಡೆ, ಎಡಗಡೆ, ಹಿಂದಿನಿಂದ ಎರಡನೇದು. ಹೌದಾ?"

"ಏನದು?"

"ಹಲ್ಲು."

ಆಸ್ಗರ್ ಆಚೀಚೆ ನೋಡಿ, ಗೂಟಕ್ಕೆ ನೇತುಹಾಕಿದ್ದ ಮಳೆಕೋಟುಗಳ ಮರೆಗೆ ಅವಳನ್ನು ಎಳೆದುಕೊಂಡ. "ಯಾರಿಗೂ ಹೇಳ್ಬೇಡ."

"ಎಷ್ಟು ದಿನದಿಂದ?"

"ಇಲ್ಲಿಗೆ ಬಂದಾಗಿಂದ."

"ಮತ್ತೆ ಆ ಕಣ್ಣು ಮುಚ್ಚೋದು, ಸ್ಸ್ ಅನ್ನೋದು? ಸಿಗ್ನೆ ತೋಳು ಬಿದ್ದುಹೋಗೋ ಹಾಗೆ ಬಕೆಟ್ಟು ಹಿಡ್ಕೊಂಡು ನಿಂತಿದಾಳಲ್ಲ! ಅದು ನಾಟಕಕ್ಕಾ, ಹಲ್ಲಿಗಾ?"

ಆಸ್ಗರ್ ನಿಜವಾಗಿಯೂ ಯೋಚಿಸಿದ. "ಮೊದಮೊದಲು ಹಲ್ಲಿಗೆ. ಆಮೇಲೆ ಅವರು ಚೆನ್ನಾಗಿ ಮಾಡ್ತಾ ಹೋದ್ರು. ಈಗ ನಂಗೇ ಗೊತ್ತಾಗಲ್ಲ."

"ಹಲ್ಲುನೋವು ಇಲ್ದೇ ಇದ್ದಾಗ ಏನ್ ಮಾಡ್ತಿದ್ದೆ?"

"ಹೋದ ವರ್ಷ ಬೆನ್ನುನೋವಿತ್ತು," ಎಂದ ಆಸ್ಗರ್.

ವಿಬೆಕೆ ಗೋಡೆಯ ಫೋನಿಗೆ ನಾಣ್ಯ ಹಾಕಿ ಪಟ್ಟಣದ ಹಲ್ಲಿನ ಡಾಕ್ಟರಿಗೆ ಹೇಳಿದಳು. ಆಗಲೇ ಬರಲಿ ಎಂದರು.

"ಸೂಜಿ ಚುಚ್ತಾರಾ?" ಎಂದು ಕೇಳಿದ ಆಸ್ಗರ್.

"ಚುಚ್ತಾರೆ."

"ನೀನೂ ಜೊತೆಗೆ ಬಾರೆ."

"ನಾನು ರಜದಲ್ಲಿದೀನಿ."

"ಹಾಗಾದ್ರೆ ನನ್ನ ಕುರ್ಚೀಲಿ ಕೂತಿರು. ಅದು ಖಾಲಿ ಇದ್ರೆ ಅವರಿಗೆ ದಿಕ್ಕು ತೋಚಲ್ಲ. ಏನೂ ಹೇಳೋಕೆ ಹೋಗ್ಬೇಡ, ಕೂತಿದ್ರೆ ಸಾಕು."

ಅವಳು ಕೂತಳು. ಕುರ್ಚಿ ಸಾಧಾರಣದ್ದೇ, ಒಂದು ಕಾಲು ಗಿಡ್ಡ. ಆಸ್ಗರ್ ಪಟ್ಟಣಕ್ಕೆ ಹೋಗಿದ್ದಾನೆಂದು ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡರು.

"ನಮ್ಮಿಂದ ನೊಂದ್ಕೊಂಡು ಹೋದ," ಎಂದಳು ಸಿಗ್ನೆ, ಕಣ್ಣು ತುಂಬಿಕೊಂಡು.

ದೃಶ್ಯ ನಡೆಯಿತು. ಗೋಡೆ, ಕಿಟಕಿ, ಉಸಿರು. ಮುಗಿದ ಮೇಲೆ ಎಲ್ಲರೂ ಕುರ್ಚಿಯ ಕಡೆ ನೋಡಿದರು. ವಿಬೆಕೆಗೆ ಪಾಪ ಎನ್ನಿಸಿತು. "ಚೆನ್ನಾಗಿತ್ತು," ಎಂದಳು.

ಪ್ರೆಬೆನ್‌ನ ಮುಖ ಕಪ್ಪಿಟ್ಟಿತು. "ಚೆನ್ನಾಗಿತ್ತು ಅಂದ್ರೆ?"

"ಅಂದ್ರೆ, ಚೆನ್ನಾಗಿತ್ತು."

"ಅಷ್ಟೇನಾ? ಇಷ್ಟು ದಿನ ಜೀವ ತೇಯ್ದಿದೀವಿ, ಕೇಕು ಚೆನ್ನಾಗಿತ್ತು ಅನ್ನೋ ಹಾಗೆ ಹೇಳ್ತೀಯಲ್ಲ!"

ಹಿಂದಿನ ಸಾಲಿನಲ್ಲಿ ಯಾರೋ ಎದ್ದು ಕಾಫಿಗೆ ಹೊರಟರು. ಇನ್ನೊಬ್ಬರು ಹೊರಡಲು ಚಪ್ಪಲಿ ಹುಡುಕತೊಡಗಿದರು. ವಿಬೆಕೆಯ ಕಿವಿ ಬಿಸಿಯಾಯಿತು. ಬಯಲಿನ ನಗು ಮತ್ತೆ ಕೇಳಿಸಿದ ಹಾಗಾಯಿತು. ಏನು ಮಾಡಬೇಕೆಂದು ತೋಚದೆ ಅವಳ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಎಡಗಣ್ಣು ಮುಚ್ಚಿತು.

"ಸ್ಸ್," ಎಂದಳು.

ಕಾಫಿಗೆ ಹೊರಟವರು ಬಾಗಿಲಲ್ಲೇ ನಿಂತರು.

"ಮತ್ತೊಮ್ಮೆ," ಎಂದಳು ವಿಬೆಕೆ. "ಈ ಸಲ ಸುಳ್ಳು ಬೇಡ."

ಸಿಗ್ನೆ ಬಕೆಟ್ಟು ಹಿಡಿದು ಮತ್ತೆ ಕಿಟಕಿಗೆ ತಿರುಗಿದಳು. ಮತ್ತೆ ಶುರುವಾಯಿತು. ಹೇಳಲು ನಾಚಿಕೆಯಾಗುವ ಸಂಗತಿಯೆಂದರೆ, ಈ ಸಲ ನಿಜವಾಗಿಯೂ ಚೆನ್ನಾಗಿತ್ತು. ಗೋಡೆಗೆ ಮುಖ ಮಾಡಿದ ಪ್ರೆಬೆನ್‌ನ ಕತ್ತಿನ ಹಿಂಭಾಗವೇ ಮನೆಗೆ ಬರಲು ಹೆದರಿದ ಗಂಡನ ಹಾಗೆ ಕಾಣಿಸಿತು. ಅಯ್ಯೋ, ಇಷ್ಟೇನಾ? ಇಷ್ಟಕ್ಕಾಗಿ ಇಷ್ಟು ಬೇಸಿಗೆ ಬಾವಿಕಟ್ಟೆಯಲ್ಲಿ ನಿಂತೆನೆ? ವಿಬೆಕೆಗೆ ನಗು ಬಂತು, ಸಿಟ್ಟೂ ಬಂತು. ಅವೆರಡರ ಹಿಂದೆಯೇ ಇನ್ನೊಂದು ಬಂತು, ಅದು ಬಹಳ ರುಚಿಯಾಗಿತ್ತು.

"ಗುದ್ರುನ್, ನೀನು ಸಮುದ್ರ," ಎಂದಳು.

"ನಾನೇನು?"

"ಸಮುದ್ರ. ಅಲ್ಲಿ ಮಲಕ್ಕೋ."

"ಲೇ, ನಂಗೆ ಸೊಂಟ ಹಿಡಿಯತ್ತೆ."

"ಸಮುದ್ರಕ್ಕೆ ಸೊಂಟ ಇರಲ್ಲ. ಮಲಕ್ಕೋ."

ಗುದ್ರುನ್ ಬಾಯಿ ತೆರೆದಳು, ಸುತ್ತಲಿನವರ ಮುಖ ನೋಡಿ ಮುಚ್ಚಿದಳು, ಮಲಗಿದಳು.

"ಪ್ರೆಬೆನ್, ನಿಂಗೆ ಒಂದು ಮಾತು ಕೊಡ್ತೀನಿ. ಒಂದೇ."

ಪ್ರೆಬೆನ್ ಬಳಿ ಬಂದು ಮಂಡಿಯೂರಿದ.

"ಊಟ ಸಿದ್ಧವಾಗಿದೆ," ಎಂದಳು ವಿಬೆಕೆ.

"ಊಟ ಸಿದ್ಧವಾಗಿದೆ," ಎಂದ ಅವನು ಭಕ್ತಿಯಿಂದ. ಆಮೇಲೆ ತಲೆ ಎತ್ತಿ, "ಯಾವ ಊಟ?" ಎಂದು ಕೇಳಿದ.

"ಮಾತಿಗೆ ಮುಂಚೆ ತಡೀಬೇಡ. ಆರಿಹೋಗತ್ತೆ."

ನೆಲದ ಮೇಲಿದ್ದ ಸಮುದ್ರ ತಲೆ ಎತ್ತಿ ಅವಳನ್ನು ನೋಡಿತು. ವಿಬೆಕೆ ಆ ಕಡೆ ತಿರುಗಲಿಲ್ಲ. ಪ್ರೆಬೆನ್‌ನಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿದಳು, ನಿಂತು, ಕೂತು, ಬಕೆಟ್ಟಿನೊಳಗೆ ಮುಖವಿಟ್ಟು. ಅವನು ಬೆವರಿದ. ಎಲ್ಲರೂ ಬರೆದುಕೊಂಡರು.

ಕಾಫಿಯ ಹೊತ್ತಿಗೆ ಆಸ್ಗರ್ ಬಂದ. ಅರ್ಧ ಮುಖ ಮರಗಟ್ಟಿತ್ತು, ನೋವಿರಲಿಲ್ಲ. ತನ್ನ ಕುರ್ಚಿಯಲ್ಲಿ ಕೂತು ದೃಶ್ಯವನ್ನು ಮಗುವಿನ ಹಾಗೆ ನೆಮ್ಮದಿಯಿಂದ ನೋಡಿದ. ತುಟಿಯಂಚಿನಿಂದ ಸ್ವಲ್ಪ ಜೊಲ್ಲೂ ಸುರಿಯಿತು. "ಓಹೋ, ಚೆನ್ನಾಗಿದೆಯಲ್ಲ!" ಎಂದ.

ಸಿಗ್ನೆ ಬಕೆಟ್ಟನ್ನು ಧಡಕ್ಕನೆ ಕೆಳಗಿಟ್ಟಳು.

"ಇವನ ಕತೆ ಮುಗೀತು," ಎಂದು ಪ್ರೆಬೆನ್ ಪಕ್ಕದವನ ಕಿವಿಯಲ್ಲಿ ಹೇಳಿದ. ಒಬ್ಬೊಬ್ಬರಾಗಿ ವಿಬೆಕೆಯ ಕಡೆ ತಿರುಗಿದರು.

ಸಂಜೆ ಕೋಣೆಯಲ್ಲಿ ಗುದ್ರುನ್ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ವಿಬೆಕೆ ಕಾಗದ ಬಿಚ್ಚಿದಳು. 'ನನಗೆ ಅನುಭವವಿಲ್ಲವೆಂದು ಗೊತ್ತು, ದಯವಿಟ್ಟು ತಪ್ಪು ತಿಳಿಯಬೇಡಿ, ಬೇರೆ ಯಾರೂ ಸಿಗದಿದ್ದರೆ, ಯಾರಿಗೂ ತೊಂದರೆಯಾಗದಿದ್ದರೆ, ಮುಂದಿನ ಬೇಸಿಗೆಯ ನಾಟಕವನ್ನು ನಾನು ನಿರ್ದೇಶಿಸಲು ಪ್ರಯತ್ನಿಸಬಹುದೇ?' ಪೆನ್ನು ತೆಗೆದು ಮೊದಲಿನ ಅಳುಕಿನ ಮಾತುಗಳನ್ನೆಲ್ಲ ಹೊಡೆದುಹಾಕಿದಳು. ಬಾಲವನ್ನೂ ಕತ್ತರಿಸಿದಳು. 'ಮುಂದಿನ ಬೇಸಿಗೆಯ ನಾಟಕವನ್ನು ನಾನು ನಿರ್ದೇಶಿಸುತ್ತೇನೆ' ಎಂಬುದಷ್ಟೇ ಉಳಿಯಿತು. ಅದನ್ನು ಹೊಸ ಹಾಳೆಗೆ ಇಳಿಸಿದಳು. ಹಳೆಯ ಲಕೋಟೆಗೆ ಹಚ್ಚಿದ್ದ ಅಂಚೆಚೀಟಿ ಈಗಿನ ದರಕ್ಕೆ ಸಾಲದಾಗಿತ್ತು. ಗುದ್ರುನ್ ತನ್ನ ಪರ್ಸಿನಿಂದ ಇನ್ನೊಂದು ಕಿತ್ತು ಕೊಟ್ಟಳು.

"ಬೆಳಗ್ಗೆವರೆಗೂ ನಿನ್ನ ನೋಡಿ ಅಯ್ಯೋ ಅನ್ನಿಸ್ತಿತ್ತು," ಎಂದಳು. "ಈಗ ನಿನ್ನ ಭಾವನ್ನ ನೆನೆಸ್ಕೊಂಡು ಅನ್ನಿಸ್ತಿದೆ. ಅಕಸ್ಮಾತ್ ಜನ ಕೈ ಎತ್ತಿದ್ರೆ ಅವನಿಗೆ ಯಾವ ಪಾತ್ರ?"

"ನೋಡೋಣ. ಬಾವಿ ಹತ್ರ ಯಾರಾದ್ರೂ ನಿಲ್ಲಬೇಕಲ್ಲ."

ಇಬ್ಬರೂ ರಸ್ತೆಗೆ ಇಳಿದರು. ಕೆಂಪು ಡಬ್ಬಿ ತಿರುವಿನಲ್ಲಿತ್ತು, ಅಂಚೆಗಾಡಿ ಚರ್ಚಿನ ಹತ್ತಿರದ ಇಳಿಜಾರಿನಲ್ಲಿ ಆಗಲೇ ಕಾಣುತ್ತಿತ್ತು. ಹಿಂದಿನಿಂದ ಯಾರೋ ಓಡಿಬಂದ ಸದ್ದಾಯಿತು. ಪ್ರೆಬೆನ್.

"ವಿಬೆಕೆ, ಒಂದೇ ಒಂದು ಪ್ರಶ್ನೆ," ಎಂದ ಏದುಸಿರು ಬಿಡುತ್ತ. "ಊಟ ಸಿದ್ಧವಾಗಿದೆ ಅನ್ನೋವಾಗ ನಂಗೂ ಹಸಿವಾಗಿರ್ಬೇಕಾ?"

ಹೌದು ಎಂದರೂ ನಡೆಯುತ್ತಿತ್ತು, ಇಲ್ಲ ಎಂದರೂ ನಡೆಯುತ್ತಿತ್ತು. ವಿಬೆಕೆ ಎಡಗೆನ್ನೆಗೆ ಕೈಯಿಟ್ಟು ಕಣ್ಣು ಮುಚ್ಚಿದಳು.

"ಗೊತ್ತಾಯ್ತು, ಗೊತ್ತಾಯ್ತು!" ಎಂದು ಪ್ರೆಬೆನ್ ಸಂತೋಷದಿಂದ ಶಾಲೆಯ ಕಡೆ ಓಡಿದ.

"ನಿಂಗೆ ಒಂದು ದಿನ ನಿಜವಾಗ್ಲೂ ಹಲ್ಲುನೋವು ಬರತ್ತೆ ನೋಡು," ಎಂದಳು ಗುದ್ರುನ್.

ಅಂಚೆಗಾಡಿ ತಿರುವಿಗೆ ಬಂದು ನಿಂತಿತು. ವಿಬೆಕೆ ಕೆನ್ನೆಯಿಂದ ಕೈ ತೆಗೆದು, ಕಾಗದವನ್ನು ಡಬ್ಬಿಯೊಳಕ್ಕೆ ಬಿಟ್ಟಳು.