ಅರ್ಧ ಒಳಲೆ

ಅರ್ಧ ಅವಳೇ ಕುಡಿದುಬಿಟ್ಟಿದ್ದಳು.

ಡಾಕ್ಟರ್ ಪಂಚಾಕ್ಷರಿ "ಬೇಡಮ್ಮ" ಎನ್ನುವಷ್ಟರಲ್ಲಿ ಸವಿತಾಳ ಗಂಟಲು ಆಡಿ ಆಗಿತ್ತು. ಉಳಿದರ್ಧವನ್ನು ಅವಳು ತೊಡೆಯ ಮೇಲಿದ್ದ ಮಗಳ ಬಾಯಿಗೆ ಒಳಲೆಯ ಮೂತಿಯಿಂದ ಹನಿಹನಿಯಾಗಿ ಬಿಟ್ಟಳು. ಅದರಲ್ಲೂ ಒಂದಿಷ್ಟು ಮಗುವಿನ ಮೂಗಿನಿಂದ ವಾಪಸು ಬಂತು. ಸೆರಗಿನಿಂದ ಅದನ್ನು ಒರೆಸಿ, ದೊಡ್ಡ ಕೆಲಸ ಮುಗಿಸಿದವಳಂತೆ ಡಾಕ್ಟರನ್ನು ನೋಡಿ ನಕ್ಕಳು.

"ಏನಮ್ಮ ಮಾಡ್ದೆ ನೀನು!" ನರ್ಸ್ ಶೋಭಾರಾಣಿ ಹಣೆ ಚಚ್ಚಿಕೊಂಡಳು. "ಅದು ಮಗೂಗೆ ಮಂಪರು ಬರೋ ಔಷಧಿ ಕಣಮ್ಮ. ನಿಂಗ್ಯಾರು ಕುಡಿ ಅಂದ್ರು?"

"ನಾ ಕುಡದ್ರನ ಅದು ಕುಡಿತೈತ್ರಿ ಅಕ್ಕಾರ. ದಿನಾ ಹಂಗ ಮಾಡೋದು."

ತಪ್ಪು ಪಂಚಾಕ್ಷರಿಯದೇ. ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯೊಳಗೆ ಬಿಟ್ಟ ಮೊದಲ ಹನಿಗಳನ್ನು ಮಗು ಥೂ ಎಂದು ಉಗಿದಾಗ, "ಇದ್ರಾಗ ಹಾಕಿ ಕೊಡ್ರಿ" ಎಂದು ಸವಿತಾ ಒಳಲೆ ಮುಂದೆ ಹಿಡಿದಿದ್ದಳು. ಆಗಲಿ ಎಂದವನು ಅವನು. ಹುಟ್ಟುವಾಗಲೇ ಅಂಗುಳು ಸೀಳಿದ್ದ ಮಗು. ಮೊಲೆ ಚೀಪಲು ಬಾರದೆ ಒಂದೂವರೆ ವರ್ಷ ಈ ಸ್ಟೀಲಿನ ಒಳಲೆಯಲ್ಲೇ ಹಾಲು ಕುಡಿದು ಬೆಳೆದದ್ದು. ಕುಡಿದದ್ದು ಮೂಗಿಗೇರಿ ಉಸಿರು ಕಟ್ಟಿ ಎಷ್ಟೋ ಸಲ ಹೆದರಿತ್ತು. ಹಾಗಾಗಿ ತಾಯಿ ಮೊದಲು ನುಂಗುವುದನ್ನು ಕಣ್ಣಾರೆ ನೋಡದೆ ಬಾಯಿ ತೆರೆಯುತ್ತಿರಲಿಲ್ಲ. ಇದನ್ನು ಅವನು ಕೇಳಬೇಕಿತ್ತು, ಕೇಳಲಿಲ್ಲ.

ಮಗುವಿನ ಹೆಸರು ಚನ್ನಕ್ಕ. ಅಜ್ಜಿಯ ಹೆಸರಂತೆ. ಅಷ್ಟು ಚಿಕ್ಕ ದೇಹಕ್ಕೆ ಅಷ್ಟು ದೊಡ್ಡ ಹೆಸರು. ಇಳಕಲ್ ಸೀರೆ ಉಡಿಸಿ ಸೊಂಟಕ್ಕೊಂದು ಎಲೆಅಡಿಕೆ ಚೀಲ ಸಿಕ್ಕಿಸುವುದೊಂದೇ ಬಾಕಿ ಎಂದು ಬೆಳಿಗ್ಗೆಯೇ ಅವನಿಗೆ ನಗು ಬಂದಿತ್ತು.

"ಇನ್ನೊಂದು ಡೋಸ್ ತರ್ಲಾ ಸಾರ್?"

"ಬೇಡ. ಒಳಗೆ ಎಷ್ಟು ಹೋಗಿದೆ ಅಂತ ಗೊತ್ತಿಲ್ಲ. ಹೆಚ್ಚಾದ್ರೆ ಉಸಿರಿಗೆ ತೊಂದರೆ. ಬಾಯೊಳಗಿನ ಆಪರೇಷನ್ ಬೇರೆ."

"ಮತ್ತೆ? ಶಿವರಾಜ್ ಸಾರ್ ಆಗ್ಲೇ ಫೋನ್ ಮಾಡಿದ್ರು."

"ಮಾಡ್ಲಿ ಬಿಡಿ. ನಾನೇ ಎತ್ಕೊಂಡು ಓಡಾಡಿಸ್ತೀನಿ."

ಶಿವರಾಜ್ ಸರ್ಜನ್. ಹೊಲಿಗೆ ಹಾಕುವವನು. ಮಕ್ಕಳ ಅಪ್ಪಂದಿರು ಕಾಲು ಮುಟ್ಟುವುದು ಅವನದು, ಸ್ವೀಟ್ ಬಾಕ್ಸ್ ಹೋಗುವುದು ಅವನ ರೂಮಿಗೆ. ಪಂಚಾಕ್ಷರಿಯ ಹಾಗೆ ಅರಿವಳಿಕೆ ಕೊಡುವವನ ಮುಖ ಯಾರಿಗೆ ನೆನಪಿರುತ್ತದೆ? ಈ ಸಿರಪ್ಪಿನ ಗುಣವೇ ಅಂಥದು. ಕುಡಿದ ಮೇಲೆ ನಡೆದದ್ದು ತಲೆಯಲ್ಲಿ ನಿಲ್ಲುವುದಿಲ್ಲ. ತಾಯಿಯ ಕೈಯಿಂದ ಬಿಡಿಸಿಕೊಂಡದ್ದು, ಕಣ್ಣು ಕುಕ್ಕುವ ದೀಪ, ಮೂಗಿನ ಮೇಲೆ ಬಂದು ಕೂತ ಗ್ಯಾಸ್ ಮಾಸ್ಕು, ಎಲ್ಲವೂ ಅಳಿಸಿಹೋಗುತ್ತವೆ. ಮಕ್ಕಳಿಗೆ ಅದು ದೊಡ್ಡ ಉಪಕಾರ.

ಆ ಉಪಕಾರದಲ್ಲಿ ಪಂಚಾಕ್ಷರಿ ತನಗೂ ಒಂದು ಪಾಲು ಇಟ್ಟುಕೊಂಡಿದ್ದ. ಔಷಧಿ ಒಳಗೆ ಹೋದ ಮೇಲೆಯೇ ಅವನು ತನ್ನ ಮಾಸ್ಕ್ ಇಳಿಸುವುದು. ಆಮೇಲೆ ಮಗು ಮಂಪರಿಗೆ ಜಾರುವವರೆಗೆ ಅವನಂಥ ಬಾಯಿಬಡುಕ ಇಡೀ ಬೊಮ್ಮಸಂದ್ರದಲ್ಲಿ ಸಿಗಲಾರ. ಬೆಕ್ಕಾಗುವನು, ಕೋತಿಯಾಗುವನು, ಬಂಗಾರ, ಕಳ್ಳಿ, ನನ್ನ ರಾಣಿ ಎಂದು ಕರೆಯುವನು. ಮನೆಯಲ್ಲಿ ನಾಲಿಗೆಗೆ ಬಾರದ ಮಾತೆಲ್ಲ ಇಲ್ಲಿ ಬರುತ್ತಿದ್ದವು. ಮರೆಯುವವರ ಮುಂದೆ ಪ್ರೀತಿ ತೋರಿಸಲು ಅವನಿಗೆ ಸಂಕೋಚವಿರಲಿಲ್ಲ.

"ನೀನು ಮನೇಲೂ ಮಾಸ್ಕ್ ಹಾಕ್ಕೊಂಡಿರೋ ಹಾಗೇ ಇರ್ತೀಯಪ್ಪ" ಎಂದು ಹೆಂಡತಿ ಕೃಪಾ ಒಮ್ಮೆ ಹೇಳಿದ್ದಳು. ಜಗಳವಾಡುತ್ತ ಅಲ್ಲ, ದೋಸೆ ಮಗುಚುತ್ತ. ಇವತ್ತು ಬೆಳಿಗ್ಗೆ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮಗ ಮನು ಜೊತೆಗಿದ್ದ. ಅಪ್ಪನ ಕಿವಿಯ ಮಟ್ಟಕ್ಕೆ ಬೆಳೆದ ಹುಡುಗ. ಇಬ್ಬರೂ ಫೋನ್ ನೋಡಿಕೊಂಡು ಇಳಿದರು. "ಬರ್ತೀನಿ" ಎಂದ ಇವನು. "ಹ್ಞೂಂ" ಎಂದ ಅವನು.

"ಸರ, ಕಣ್ಣು ಎಳದಂಗ ಆಗಾಕತ್ತೈತ್ರಿ" ಎಂದಳು ಸವಿತಾ.

ನಿನ್ನೆ ರಾತ್ರಿಯಿಂದ ಅವಳೂ ಏನೂ ತಿಂದಿರಲಿಲ್ಲವಂತೆ. ಕೂಸಿಗೆ ಉಪವಾಸ ಹಾಕಿ ತಾನು ಹೇಗೆ ಉಣ್ಣಲಿ ಎಂದಳು. ದೊಡ್ಡವರಿಗೆ ಅಷ್ಟು ಔಷಧಿ ಏನೇನೂ ಅಲ್ಲ. ಆದರೆ ಖಾಲಿ ಹೊಟ್ಟೆ, ಮಗು ಹುಟ್ಟಿದಾಗಿನಿಂದ ಕೂಡಿಟ್ಟ ನಿದ್ದೆಗೇಡು. ಅವಳನ್ನು ಮಂಚದ ಮೇಲೆ ಮಲಗಿಸಿ, ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಿ, ಪಕ್ಕದಲ್ಲೇ ಇರುವಂತೆ ಶೋಭಾರಾಣಿಗೆ ಹೇಳಿದ. ಅವಳ ಕೈಯ ಒಳಲೆಯನ್ನು ಜೇಬಿಗೆ ಹಾಕಿಕೊಂಡು ಚನ್ನಕ್ಕನನ್ನು ಎತ್ತಿಕೊಂಡ. ರೂಢಿಯಂತೆ ಮಾಸ್ಕ್ ಇಳಿಸಿದ.

ಬೆಳಿಗ್ಗೆಯಿಂದ ಟೋಪಿ ಮಾಸ್ಕುಗಳ ನಡುವಿನ ಎರಡು ಕಣ್ಣು ಮಾತ್ರ ಕಂಡಿದ್ದ ಸವಿತಾ, ಆ ಮುಖವನ್ನು ತೂಕಡಿಸುತ್ತಲೇ ನೋಡಿದಳು.

"ಯಣ್ಣಾ, ನಿಮ್ಮ ಮಾರಿ ನಮ್ಮ ಹಿರಿ ಅಣ್ಣನ ಕಂಡಂಗ ಐತಿ. ಕೂಸಿನ್ನ ಕೆಳಗ ಬಿಡಬ್ಯಾಡ್ರಿ. ಬಿಟ್ರ ಗಾಬರಿ ಆಗ್ತೈತಿ."

"ಬಿಡಲ್ಲಮ್ಮ."

"ಆಣಿ ಮಾಡ್ರಿ."

ಕನ್ಸೆಂಟ್ ಫಾರಂಗೆ ಸಹಿ ಹಾಕಿಸಿಕೊಂಡು ಅಭ್ಯಾಸವಿದ್ದವನನ್ನು ಯಾರೂ ಆಣೆ ಕೇಳಿರಲಿಲ್ಲ. ಮಗುವಿನ ನೆತ್ತಿಯ ಮೇಲೆ ಕೈಯಿಟ್ಟ. "ಆಣೆ" ಎಂದ.

"ನಿಮ್ಮನ್ನ ಮರಿಯಂಗಿಲ್ಲ ಯಣ್ಣಾ" ಎಂದು ಅವಳು ಕಣ್ಣು ಮುಚ್ಚಿದಳು.

ಮರೆಯುತ್ತಾಳೆ. ಆ ಔಷಧಿಯ ಗುಣ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ, ಕುಡಿದದ್ದು ಕಡಿಮೆ ತಾನೇ, ಮರೆಯದೆಯೂ ಇರಬಹುದು ಎಂದು ಒಳಗೊಂದು ಆಸೆ ಮಿಸುಕಿತು. ಇವರಿಬ್ಬರಲ್ಲಿ ಒಬ್ಬರಾದರೂ ತನ್ನನ್ನು ನೆನಪಿಟ್ಟುಕೊಳ್ಳಲಿ. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂದು ನಾಚಿಕೆಯಾಯಿತು. ಆಸೆ ಮಾತ್ರ ಹೋಗಲಿಲ್ಲ.

ಕಾರಿಡಾರಿನ ಕಿಟಕಿಯ ಬಳಿ ನಿಂತ. ಬೇರೆ ಮಕ್ಕಳಾಗಿದ್ದರೆ ಈ ಹೊತ್ತಿಗೆ ಕಣ್ಣು ಮಾಲುತ್ತಿದ್ದವು. ಚನ್ನಕ್ಕ ಪಿಳಿಪಿಳಿ ನೋಡುತ್ತಿದ್ದಳು. ಮಿಯಾಂ ಎನ್ನಲು ಬಾಯಿ ತೆರೆದವನಿಗೆ ಸದ್ದು ಹೊರಡಲಿಲ್ಲ. ಇವಳು ಎಚ್ಚರವಾಗಿದ್ದಾಳೆ, ಇವಳಿಗೆ ನೆನಪಿದ್ದರೂ ಇರಬಹುದು. ಮೊದಲ ಸಲ ಸ್ಟೇಜ್ ಹತ್ತಿದ ಹುಡುಗನ ಹಾಗೆ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡಿದ.

"ನೋಡು, ಬಸ್ಸು" ಎಂದ ಕೊನೆಗೆ. ಕೆಳಗೆ ಶಿಫ್ಟ್ ಮುಗಿಸಿದವರನ್ನು ತುಂಬಿಕೊಂಡು ಕಂಪನಿ ಬಸ್ಸುಗಳು ಆಸ್ಪತ್ರೆಯ ಗೇಟು ದಾಟಿ ಹೋಗುತ್ತಿದ್ದವು.

"ಮು" ಎಂದಳು ಚನ್ನಕ್ಕ. ಗಾಳಿಯೆಲ್ಲ ಮೂಗಿಗೆ ಸೋರಿತು.

"ಹ್ಞಾಂ, ಬಸ್ಸು. ನಿಮ್ಮಪ್ಪ ಶಿಫ್ಟ್ ಮುಗಿಸಿ ಇದರಲ್ಲೇ ಬರ್ತಾನೆ."

ಅವಳು ಅವನ ತುಟಿ ಎಳೆದು ನೋಡಿದಳು. ಬೆರಳನ್ನು ಒಳಗೆ ತೂರಿಸಿ ಅಂಗುಳನ್ನು ಮುಟ್ಟಿದಳು. ಅಲ್ಲಿ ಹುಡುಕಿದ್ದು ಸಿಗದೆ ಇನ್ನೊಮ್ಮೆ ಸವರಿದಳು. ಅವನು ಬಾಯಿ ತೆರೆದುಕೊಂಡೇ ನಿಂತ. ಸಂಜೆಯೊಳಗೆ ನಿಂಗೂ ಹೀಗೇ ಮುಚ್ಚಿಬಿಡ್ತೀವಿ ಕಣೇ ಎಂದು ಹೇಳಬೇಕೆನಿಸಿತು, ಬೆರಳು ಬಾಯಲ್ಲಿದ್ದುದರಿಂದ ಆಗಲಿಲ್ಲ. ಆಮೇಲೆ ಅವಳು ಬೆರಳು ತೆಗೆದು ಅವನ ಹೆಗಲ ಮೇಲೆ ತಲೆಯಿಟ್ಟಳು. ಎಷ್ಟು ಹಗುರ! ಮನುವನ್ನು ಕೊನೆಯ ಸಲ ಎತ್ತಿಕೊಂಡದ್ದು ಯಾವಾಗ? ಎತ್ತಿಕೊಂಡವನು ಒಂದು ದಿನ ಕೆಳಗಿಳಿಸಿರಲೇಬೇಕು. ಆ ದಿನ ಎಷ್ಟು ನೆನೆದರೂ ಸಿಗಲಿಲ್ಲ.

"ಏನ್ರೀ ಪಂಚಾಕ್ಷರಿ, ಹೆಗಲ ಮೇಲೆ ಮೆರವಣಿಗೇನಾ?" ಥಿಯೇಟರಿನಲ್ಲಿ ಶಿವರಾಜ್ ನಕ್ಕ.

ಪಂಚಾಕ್ಷರಿ ಸ್ಟೂಲಿನ ಮೇಲೆ ಕೂತ. ಚನ್ನಕ್ಕನನ್ನು ಟೇಬಲ್ಲಿಗೆ ಇಳಿಸಲಿಲ್ಲ. ತೊಡೆಯ ಮೇಲೆಯೇ ಅಪ್ಪಿ ಹಿಡಿದು ಗ್ಯಾಸ್ ಮಾಸ್ಕನ್ನು ಮುಖಕ್ಕೆ ತಂದ. ಪೂರ್ತಿ ಔಷಧಿ ಹೋಗಿದ್ದರೆ ಅವಳಿಗೆ ಇದು ತಿಳಿಯುತ್ತಲೇ ಇರಲಿಲ್ಲ. ಈಗ ತಿಳಿಯಿತು. ಕೊಸರಿದಳು, ಅವನ ಗೌನಿನ ಅಂಚನ್ನು ಬಿಗಿಯಾಗಿ ಹಿಡಿದಳು, ಕಣ್ಣು ಅಗಲಿಸಿ ಅವನನ್ನೇ ನೋಡಿದಳು. ಬೈಯುವ ನೋಟವಲ್ಲ, ಕೇಳುವ ನೋಟ.

"ಇಷ್ಟೇ ಚನ್ನಕ್ಕ, ಇಷ್ಟೇ, ಆಯ್ತು."

ಬೆರಳುಗಳು ಒಂದೊಂದಾಗಿ ಸಡಿಲವಾದವು. ಆಮೇಲೆ ಟೇಬಲ್ಲಿನ ಮೇಲೆ ಮಲಗಿಸಿದ. ಆಣೆ ಅಲ್ಲಿಗೆ ಮುಗಿಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು.

ಸಾಮಾನ್ಯವಾಗಿ ಅವನು ವಾರ್ಡಿಗೆ ಹೋಗುವವನಲ್ಲ, ಜೂನಿಯರನ್ನು ಕಳಿಸುತ್ತಿದ್ದ. ಇವತ್ತು ಒಂದು ನೆವ ಇತ್ತು. ಗಡಿಬಿಡಿಯಲ್ಲಿ ಒಳಲೆ ಅವನ ಜೇಬಿನಲ್ಲೇ ಉಳಿದಿತ್ತು. ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ತಾನೇ ಸೋಪು ಹಾಕಿ ತೊಳೆದ. ಟೋಪಿ ತೆಗೆದ, ಮಾಸ್ಕ್ ತೆಗೆದ, ಹೆಣ್ಣು ನೋಡಲು ಹೊರಟವನ ಹಾಗೆ ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡ.

ಸವಿತಾ ಮಂಚದ ತುದಿಯಲ್ಲಿ ಕೂತಿದ್ದಳು. ಮುಖ ನಿದ್ದೆಯಿಂದ ಊದಿಕೊಂಡು ತಿಳಿಯಾಗಿತ್ತು.

"ಯಾರ್ರೀ ಸರ?"

"ಇದು... ನಿಮ್ಮದು."

"ಅಯ್ಯ, ಇದನ್ನ ಹುಡುಕಾಕತ್ತಿದ್ನಿರಿ. ನರ್ಸಕ್ಕ ಕಳಿಸ್ಯಾರೇನ್ರಿ?"

"ಹ್ಞಾಂ."

"ನನಗ ನಿದ್ದಿ ಹತ್ತಿಬಿಟ್ಟಿತ್ರಿ. ಕೂಸಿನ್ನ ಯಾವಾಗ ಒಯ್ದ್ರೋ, ಯಾರು ಒಯ್ದ್ರೋ, ಒಂದೂ ನೆಪ್ಪಿಲ್ಲ. ಎಷ್ಟು ಅತ್ತಿತ್ತೋ ಪಾಪ."

"ಅಳಲಿಲ್ಲ."

"ನಿಮಗ ಹೆಂಗ ಗೊತ್ರಿ?"

ಪಂಚಾಕ್ಷರಿ ಬಾಯಿ ತೆರೆದ. "ಯಾರೋ ಹೇಳಿದ್ರು" ಎಂದ.

ಚನ್ನಕ್ಕ ದಿಂಬಿಗೆ ಒರಗಿ ಕೂತಿದ್ದಳು. ಬಾಯೊಳಗಿನ ಹೊಲಿಗೆಗೆ ಬೆರಳು ಹಾಕದಿರಲೆಂದು ಎರಡು ಮೊಣಕೈಗಳಿಗೂ ಪಟ್ಟಿ ಕಟ್ಟಿ ಮಡಚದ ಹಾಗೆ ಮಾಡಿದ್ದರು. ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಬಸ್ಸು ತೋರಿಸಿದವನನ್ನೋ, ಮೂಗು ಮುಚ್ಚಿದವನನ್ನೋ?

ಮಗುವಿನ ಎರಡು ಕೈಗಳೂ ಎದ್ದವು. ಮರದ ಕೈಗಳ ಹಾಗೆ ನೆಟ್ಟಗೆ, ಅವನತ್ತ ಚಾಚಿ ನಿಂತವು. ಎತ್ತಿಕೋ ಎನ್ನುವ ಕೈಗಳೋ, ಹತ್ತಿರ ಬರಬೇಡ ಎನ್ನುವ ಕೈಗಳೋ, ಮಡಚಿದರೆ ತಾನೆ ತಿಳಿಯುವುದು.

"ಯಾರವ್ವಾ ಅವರು?" ಸವಿತಾ ನಗುತ್ತ ಮಗಳನ್ನು ಕೇಳಿದಳು. "ಗುರುತೈತೇನು?"

ಚನ್ನಕ್ಕನ ಕೈಗಳು ಇಳಿಯಲಿಲ್ಲ. ಎತ್ತಿಕೊಳ್ಳಲೆಂದು ಪಂಚಾಕ್ಷರಿ ತನ್ನೆರಡು ಕೈಗಳನ್ನೂ ಮುಂದೆ ಚಾಚಿದ. ಒಂದು ಕೈಯಲ್ಲಿ ಒಳಲೆ ಇತ್ತು. ಮಗುವಿನ ಕೈಗಳ ಮಟ್ಟಕ್ಕೆ ಬಂದ ಅವನ ಕೈಗಳು, ಮೊಣಕೈಯಲ್ಲಿ ಮಡಚದೆ, ಹಾಗೆಯೇ ನೆಟ್ಟಗೆ ನಿಂತುಬಿಟ್ಟವು.